ಪೋರ್ಟ್ ಮಾಡಿದ ಮೇಲೆ ಸಿಗ್ನಲ್ಲೇ ಬರಲ್ಲ ಅಂದ್ರೆ? 24 ಗಂಟೆ, 90 ದಿನದ ನಡುವೆ ಸಿಕ್ಕಿಬಿದ್ದ ಗ್ರಾಹಕ

ಸಾಲೋಟಗಿಯ ಹುಡುಗನೊಬ್ಬ ಇಂಡಿ ಪೇಟೆಯಲ್ಲಿ ಛತ್ರಿ ಹಾಕಿಕೊಂಡು ಕೂತ ಸಿಮ್ ಮಾರುವವನ ಹತ್ತಿರ ಹೋಗಿ ನಂಬರ್ ಪೋರ್ಟ್ ಮಾಡಿಸ್ತಾನೆ ಅಂತ ಇಟ್ಕೊಳ್ಳಿ. ಪೇಟೆಯಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ, ಪ್ಲಾನೂ ಅಗ್ಗ. ಮೂರು ದಿನ ಬಿಟ್ಟು ಹೊಸ ಸಿಮ್ ಶುರುವಾಗುತ್ತೆ. ಊರಿಗೆ ಬಂದು ನೋಡಿದ್ರೆ ಫೋನ್ ಮಾಡೋಕೆ ಮಾಳಿಗೆ ಹತ್ತಬೇಕು, ನಿಂಬೆ ತೋಟದಲ್ಲಂತೂ ಏನೂ ಬರಲ್ಲ. ಸರಿ, ಹಳೇ ಕಂಪನಿಗೇ ವಾಪಸ್ ಹೋಗೋಣ ಅಂತ ಮೆಸೇಜ್ ಕಳಿಸಿದ್ರೆ ಉತ್ತರ ಬರುತ್ತೆ: 90 ದಿನ ಆಗಿಲ್ಲ, ಆಗಲ್ಲ.

ಇದು ಕಾಲ್ಪನಿಕ ಹುಡುಗನ ಕಥೆ. ಆದರೆ ನಿಯಮ ಕಾಲ್ಪನಿಕ ಅಲ್ಲ.

ನಂಬರ್ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ 2010ರ ನವೆಂಬರ್ 25ರಂದು ಹರಿಯಾಣದಲ್ಲಿ ಶುರುವಾಗಿ, 2011ರ ಜನವರಿ 20ಕ್ಕೆ ದೇಶಕ್ಕೆಲ್ಲ ಬಂತು. ಮೊದಲು ಒಂದೇ ವಲಯದ ಒಳಗೆ ಮಾತ್ರ ಇತ್ತು. 2015ರ ಜುಲೈ 3ರಿಂದ ರಾಜ್ಯ ದಾಟಿದರೂ ನಂಬರ್ ಉಳಿಯುತ್ತೆ. ಸೊಲ್ಲಾಪುರ, ಪುಣೆ, ಮುಂಬೈಗೆ ದುಡಿಯೋಕೆ ಹೋಗಿ ಬರುವ ನಮ್ಮ ಗಡಿ ತಾಲೂಕುಗಳ ಜನಕ್ಕೆ ಇದು ಸಣ್ಣ ವಿಷಯವಲ್ಲ.

ಈಗಿನ ವಿಧಾನ 2019ರ ಡಿಸೆಂಬರ್ 16ರಿಂದ ಜಾರಿಯಲ್ಲಿದೆ. PORT ಎಂಬುದನ್ನು ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು, ಇಲ್ಲಿ ಕನ್ನಡದಲ್ಲಿ ಹೇಳೋದಾದ್ರೆ: ‘ಪೋರ್ಟ್’, ಒಂದು ಜಾಗ ಬಿಟ್ಟು ನಿಮ್ಮ ನಂಬರ್, 1900ಕ್ಕೆ ಎಸ್ಎಂಎಸ್. ಎಂಟು ಅಕ್ಷರ-ಅಂಕಿಗಳ ಒಂದು ಕೋಡ್ ಬರುತ್ತೆ, ಅದಕ್ಕೆ ನಮ್ಮಲ್ಲಿ ನಾಲ್ಕು ದಿನ ಆಯಸ್ಸು. ಹೊಸ ಕಂಪನಿಗೆ ಕೋಡ್ ಕೊಟ್ಟು ಕೆವೈಸಿ ಮಾಡಿಸಿದರೆ ಅದೇ ವಲಯದೊಳಗೆ ಮೂರು ಕೆಲಸದ ದಿನ, ಬೇರೆ ವಲಯಕ್ಕೆ ಐದು. ಈಗಿನ ಕಂಪನಿಯಲ್ಲಿ 90 ದಿನ ಆಗಿರದಿದ್ದರೆ, ಪೋಸ್ಟ್‌ಪೇಯ್ಡ್ ಬಿಲ್ ಬಾಕಿಯಿದ್ದರೆ, ಒಪ್ಪಂದದ ಷರತ್ತು ಪೂರೈಸದಿದ್ದರೆ ಕೋಡೇ ಹುಟ್ಟಲ್ಲ. 2024ರ ಜುಲೈ 1ರಿಂದ ಇನ್ನೊಂದು ಸೇರಿದೆ: ಸಿಮ್ ಕಳೆದು ಹೊಸದು ತಗೊಂಡಿದ್ರೆ ಏಳು ದಿನ ಕಾಯಬೇಕು. ಇದು ವಂಚಕರನ್ನು ತಡೆಯೋಕೆ, ಇದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರೋದು ರದ್ದತಿಯ ಬಗ್ಗೆ. ಪೋರ್ಟ್ ಅರ್ಜಿ ಕೊಟ್ಟ ಮೇಲೆ ಮನಸ್ಸು ಬದಲಾದರೆ ‘ಕ್ಯಾನ್ಸಲ್’ ಅಂತ (ಇದೂ ಇಂಗ್ಲಿಷ್ ಅಕ್ಷರಗಳಲ್ಲೇ) ನಂಬರ್ ಸಮೇತ 1900ಕ್ಕೆ ಕಳಿಸಿ ವಾಪಸ್ ಪಡೀಬಹುದು. ಆದರೆ ಅರ್ಜಿ ಕೊಟ್ಟ 24 ಗಂಟೆಯೊಳಗೆ. ಲೆಕ್ಕ ಹಾಕಿ ನೋಡಿ. ಸಿಮ್ ಚಾಲೂ ಆಗೋಕೆ ಮೂರು ದಿನ, ರದ್ದು ಮಾಡೋಕೆ ಒಂದು ದಿನ. ಅಂದ್ರೆ ಹೊಸ ನೆಟ್‌ವರ್ಕ್ ಹೇಗಿದೆ ಅಂತ ಗೊತ್ತಾಗೋ ಮೊದಲೇ ರದ್ದತಿಯ ಬಾಗಿಲು ಮುಚ್ಚಿರುತ್ತೆ. ಗೊತ್ತಾದ ಮೇಲೆ ಮೂರು ತಿಂಗಳ ಬೀಗ. ನಮ್ಮ ಕಡೆ ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡ್ತಾನೆ, ನಡೆಸಿ ನೋಡ್ತಾನೆ, ಆಮೇಲೆ ರೊಕ್ಕ ಎಣಿಸ್ತಾನೆ. ಇಲ್ಲಿ ರೊಕ್ಕ ಮೊದಲು.

ನಂಬರ್ ಬಿಟ್ಟುಬಿಟ್ಟರೆ ಯಾವಾಗ ಬೇಕಾದ್ರೂ ಹೊರಗೆ ಬರಬಹುದು ಅನ್ನೋದು ನಿಜ. ಆದ್ರೆ ಇವತ್ತು ಯಾರು ಬಿಡ್ತಾರೆ? ಆಧಾರ್, ಬ್ಯಾಂಕ್, ಬೆಳೆ ಪರಿಹಾರದ ಒಟಿಪಿ ಎಲ್ಲ ಅದೇ ನಂಬರಿಗೆ.

ಬೇರೆ ಕಡೆ ಹೇಗಿದೆ? ಬ್ರಿಟನ್ನಿನಲ್ಲಿ ಎರಡು ವರ್ಷದ ಕಾಂಟ್ರ್ಯಾಕ್ಟ್ ಸಾಮಾನ್ಯ, ಆ ಲೆಕ್ಕಕ್ಕೆ ನಮ್ಮ 90 ದಿನ ಏನೂ ಅಲ್ಲ. ಆದರೆ ಅಲ್ಲಿ ಆನ್‌ಲೈನ್‌ನಲ್ಲಿ ಅಥವಾ ಫೋನಿನಲ್ಲಿ ಮಾಡಿಕೊಂಡ ಹೊಸ ಕಾಂಟ್ರ್ಯಾಕ್ಟನ್ನು ಕಾರಣ ಹೇಳದೆ 14 ದಿನದೊಳಗೆ ರದ್ದು ಮಾಡಬಹುದು, ಬಳಸಿದಷ್ಟಕ್ಕೆ ಹಣ ಕೊಟ್ಟರೆ ಸಾಕು. ನಮ್ಮಲ್ಲಿ ಪ್ರಿಪೇಯ್ಡ್ ಬಹುಪಾಲು, ಹಣ ಮುಂಚೆಯೇ ಹೋಗಿರುತ್ತೆ. ಪೋರ್ಟ್ ಆದರೆ ಹಳೇ ಸಿಮ್‌ನಲ್ಲಿ ಉಳಿದ ಬ್ಯಾಲೆನ್ಸೂ ಹೋಯ್ತು.

2024ರ ಜುಲೈ ಮೊದಲ ವಾರ ಜಿಯೋ, ಏರ್‌ಟೆಲ್, ವಿಐ ಮೂರೂ ದರ ಏರಿಸಿದಾಗ ಜಾಲತಾಣಗಳಲ್ಲಿ ಬಾಯ್ಕಾಟ್ ಕೂಗು ಎದ್ದಿತ್ತು, ಆ ತಿಂಗಳು ಬಿಎಸ್ಎನ್ಎಲ್‌ಗೆ ಸುಮಾರು 29 ಲಕ್ಷ ಗ್ರಾಹಕರು ಹೆಚ್ಚಾದರು. ಸಿಟ್ಟಿನಲ್ಲಿ ಬಿಡೋದು ಗ್ರಾಹಕನ ಕೈಲಿರೋ ಒಂದೇ ಆಯುಧ. ಆದರೆ ಸಿಟ್ಟು ತಣ್ಣಗಾಗೋಕೆ ಒಂದು ವಾರ ಬೇಕು, ನಿಯಮ ಕೊಡೋದು ಒಂದು ದಿನ.

ಹಾಗಾದ್ರೆ ಏನ್ ಮಾಡೋದು? ನಾನು ಹೇಳೋದು, ನಂಬರ್ ಪೋರ್ಟ್ ಮಾಡೋ ಮೊದಲು ಆ ಕಂಪನಿಯ ಬೇರೆ ಸಿಮ್ ಒಂದನ್ನು ಎರಡನೇ ಸ್ಲಾಟಿಗೆ ಹಾಕಿ. ಗೆಳೆಯನ ಸಿಮ್ಮಾದ್ರೂ ಪರವಾಗಿಲ್ಲ. ಮನೆಯೊಳಗೆ, ಹೊಲದಲ್ಲಿ, ಸಂಜೆ ಏಳರ ನಂತರ ಪರೀಕ್ಷೆ ಮಾಡಿ. ಕಂಪನಿಗಳು ತಮ್ಮ ಕವರೇಜ್ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕು ಅಂತ ಟ್ರಾಯ್ 2024ರ ನಿಯಮಗಳಲ್ಲೇ ಹೇಳಿದೆ, ಅದನ್ನೂ ನೋಡಿ. ಆದ್ರೆ ನಕ್ಷೆಗಿಂತ ನಿಮ್ಮ ಅಡುಗೆಮನೆ ದೊಡ್ಡ ಸಾಕ್ಷಿ. ಮೊದಲ ರೀಚಾರ್ಜೇ ವರ್ಷದ ಪ್ಲಾನ್ ಬೇಡ. ಪೋಸ್ಟ್‌ಪೇಯ್ಡ್‌ನಿಂದ ಹೊರಬಂದವರು ಕೊನೇ ಬಿಲ್ ಕಟ್ಟಿ, ಇಲ್ಲಾಂದ್ರೆ ಹಳೇ ಕಂಪನಿ ಹೇಳಿದ ಮೇಲೆ ಹೊಸ ಕಂಪನಿಯಲ್ಲೂ ನಂಬರ್ ಬಂದ್ ಆಗುತ್ತೆ.

ಆಗಲೇ ಸಿಕ್ಕಿಹಾಕಿಕೊಂಡವರು 198ಕ್ಕೆ ದೂರು ಕೊಟ್ಟು ದೂರಿನ ನಂಬರ್ ಇಟ್ಟುಕೊಳ್ಳಿ, ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಟ್ರಾಯ್ ಒಬ್ಬೊಬ್ಬರ ದೂರು ವಿಚಾರಿಸಲ್ಲ. 2009ರ ಒಂದು ತೀರ್ಪನ್ನು ಮುಂದಿಟ್ಟು ಟೆಲಿಕಾಂ ವಿಷಯ ಗ್ರಾಹಕ ನ್ಯಾಯಾಲಯಕ್ಕೆ ಬರಲ್ಲ ಅಂತ ಕಂಪನಿಗಳು ವಾದಿಸ್ತಿದ್ದವು. 2022ರ ಫೆಬ್ರವರಿ 16ರಂದು ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರುತ್ತೆ ಅಂತ ಹೇಳಿತು. 2019ರ ಕಾಯ್ದೆ ಪ್ರಕಾರ ದೂರುದಾರ ತಾನಿರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ಸಾಲೋಟಗಿಯವರಿಗೆ ಅದು ವಿಜಯಪುರ.

ಇದೇ ಸಾಲೋಟಗಿಯ ಕ್ರಿ.ಶ. 945ರ ಕಂಬಶಾಸನದಲ್ಲಿ ಅಲ್ಲಿನ ಶಾಲೆಗೆ ಮದುವೆಯಾದರೆ ಎಷ್ಟು, ಮುಂಜಿಯಾದರೆ ಎಷ್ಟು ಕೊಡಬೇಕು ಅಂತ ಬಿಡಿಬಿಡಿಯಾಗಿ ಕೆತ್ತಿದೆ. ನಮ್ಮ ಸಿಮ್ಮಿನ ಷರತ್ತುಗಳು ಲಿಂಕ್ ಒಂದರ ಒಳಗಿವೆ, ಛತ್ರಿ ಕೆಳಗೆ ಕೂತವನೂ ಓದಿರಲ್ಲ. ಪದೇ ಪದೇ ಪೋರ್ಟ್ ಮಾಡಿ ಆಫರ್ ಬಾಚಿಕೊಳ್ಳೋರನ್ನು ತಡೆಯೋಕೆ 90 ದಿನ ಬೇಕು ಅನ್ನೋ ವಾದ ಇರಲಿ. ರದ್ದತಿಯ ಗಡಿಯಾರ ಅರ್ಜಿ ಕೊಟ್ಟ ಹೊತ್ತಿನಿಂದ ಓಡೋದನ್ನು ಬಿಟ್ಟು, ಸಿಮ್ ಚಾಲೂ ಆದ ದಿನದಿಂದ ಏಳು ದಿನ ಓಡಲಿ. ಟ್ರಾಯ್ ಈ ನಿಯಮಗಳನ್ನು 2009ರಿಂದ ಒಂಬತ್ತು ಸಲ ತಿದ್ದಿದೆ, ಕರಡು ಬಂದಾಗ ಸಾರ್ವಜನಿಕರ ಅಭಿಪ್ರಾಯ ಕೇಳುತ್ತೆ. ಹತ್ತನೇ ಸಲ ಕೇಳಿದಾಗ ಸಾಲೋಟಗಿಯಿಂದಲೂ ನಾಲ್ಕು ಪತ್ರ ಹೋಗಲಿ.