ತೋಟದ ಹಳೆಯ ಡೀಸೆಲ್ ಜೀಪ್: ಎಂಜಿನ್ ವಿವರ, ಸಾಮಾನ್ಯ ತೊಂದರೆಗಳು ಮತ್ತು ನಿರ್ವಹಣೆ

ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಗಾಡಿನಲ್ಲಿ, ವಿಶೇಷವಾಗಿ ಶಿರಾಡಿ ಘಾಟಿಯ ಮೇಲ್ಭಾಗದ ಹೆಗ್ಗದ್ದೆಯ ಸುತ್ತಮುತ್ತ, ತೋಟಗಳನ್ನು ಹೆದ್ದಾರಿಗೆ ಜೋಡಿಸುವ ಮಣ್ಣಿನ ದಾರಿಗಳಲ್ಲಿ ಇಂದಿಗೂ ಹಳೆಯ ಡೀಸೆಲ್ ಜೀಪ್‌ಗಳೇ ಅನೇಕ ಬೆಳೆಗಾರರಿಗೆ ಆಧಾರವಾಗಿವೆ. ಕೊಯ್ದ ಕಾಫಿ ಹಣ್ಣನ್ನು ಅದೇ ದಿನ ಪಲ್ಪರ್‌ಗೆ ಹಾಕದಿದ್ದರೆ ಹುಳಿತು ಗುಣಮಟ್ಟ ಕೆಡುತ್ತದೆ. ಮಳೆಗಾಲದ ರಾತ್ರಿ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದಾಗ ಆಸ್ಪತ್ರೆಗೆ ಒಯ್ಯುವುದೂ ಇದೇ ವಾಹನ. ಆದುದರಿಂದ ಜೀಪ್ ನಿಂತಿತೆಂದರೆ ತೋಟದ ಕೆಲಸವಷ್ಟೇ ಅಲ್ಲ, ಮನೆಯ ನೆಮ್ಮದಿಯೂ ನಿಲ್ಲುತ್ತದೆ.

ಸ್ಟಾರ್ಟ್ ಆಗದ ಅಥವಾ ಹೊಗೆಯುಗುಳುವ ಹಳೆಯ ಎಂಜಿನ್ ಕಂಡೊಡನೆ “ಬೋರಿಗೆ ಬಂದಿದೆ” ಎಂದು ತೀರ್ಮಾನಿಸಿ ಪೂರ್ತಿ ಬಿಚ್ಚಿಸುವುದು ವಾಡಿಕೆ. ಆದರೆ ಇಂತಹ ತೊಂದರೆಗಳಿಗೆ ಅನೇಕ ವೇಳೆ ಅಲ್ಪ ಬೆಲೆಯ ಬಿಡಿಭಾಗ ಅಥವಾ ನಿರ್ವಹಣೆಯ ಲೋಪವೇ ಕಾರಣವಾಗಿರುತ್ತದೆ. ಈ ಎಂಜಿನ್‌ನ ನಿಜವಾದ ಶತ್ರು ವಯಸ್ಸಲ್ಲ, ಅತಿಯಾದ ಶಾಖ. ಅದು ಏಕೆ ಮತ್ತು ಅದನ್ನು ತಡೆಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎಂಜಿನ್‌ನ ಹಿನ್ನೆಲೆ

ಮಹೀಂದ್ರ ಸಂಸ್ಥೆಯು 1979ರಲ್ಲಿ ಫ್ರಾನ್ಸಿನ ಪ್ಯೂಜೊ ಸಂಸ್ಥೆಯಿಂದ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ ತಯಾರಿಸುವ ಪರವಾನಗಿ ಪಡೆಯಿತು. ಎಂಎಂ 540 ಮಾದರಿಯ ಜೀಪ್‌ಗಳಲ್ಲಿ ಈ ಎಂಜಿನ್ ಅಳವಡಿಸಲ್ಪಟ್ಟಿತು. ಇದೇ ಅಳತೆಯ ಎಂಜಿನ್ ಪ್ಯೂಜೊ 504 ಡೀಸೆಲ್ ಕಾರಿನಲ್ಲೂ ಇತ್ತು. ಅಂದರೆ ಮೂಲತಃ ಇದು ಸಮತಟ್ಟಾದ ಡಾಂಬರು ರಸ್ತೆಯಲ್ಲಿ ವೇಗವಾಗಿ ಓಡುವ ಕಾರಿನ ಎಂಜಿನ್. ಮುಖ್ಯ ವಿವರಗಳು ಹೀಗಿವೆ:

• ಸಿಲಿಂಡರ್‌ಗಳು: 4, ಒಂದೇ ಸಾಲಿನಲ್ಲಿ
• ಸಿಲಿಂಡರ್ ವ್ಯಾಸ: 90 ಮಿ.ಮೀ.
• ಪಿಸ್ಟನ್ ಚಲನೆಯ ಉದ್ದ: 83 ಮಿ.ಮೀ.
• ಒಟ್ಟು ಗಾತ್ರ: 2112 ಸಿ.ಸಿ.
• ಗರಿಷ್ಠ ಶಕ್ತಿ: ನಿಮಿಷಕ್ಕೆ 4500 ಸುತ್ತುಗಳಲ್ಲಿ 62 ಅಶ್ವಶಕ್ತಿ
• ಗರಿಷ್ಠ ಟಾರ್ಕ್: ನಿಮಿಷಕ್ಕೆ 2000 ಸುತ್ತುಗಳಲ್ಲಿ ಸುಮಾರು 12 ಕಿ.ಗ್ರಾಂ.-ಮೀಟರ್
• ಸಂಪೀಡನ ಅನುಪಾತ: ಸುಮಾರು 22:1
• ಇಂಧನ ಸಿಂಪಡಣೆ: ಪರೋಕ್ಷ ವಿಧಾನ, ಟರ್ಬೊ ಇಲ್ಲ
• ಬ್ಲಾಕ್ ಎರಕದ ಕಬ್ಬಿಣದ್ದು, ಸಿಲಿಂಡರ್ ಹೆಡ್ ಅಲ್ಯೂಮಿನಿಯಂ ಮಿಶ್ರಲೋಹದ್ದು

ಈ ಅಂಕಿಗಳಿಂದ ತಿಳಿಯಬೇಕಾದುದು

ಪಿಸ್ಟನ್ ಚಲನೆಯ ಉದ್ದಕ್ಕಿಂತ ಸಿಲಿಂಡರ್‌ನ ವ್ಯಾಸ ದೊಡ್ಡದಾಗಿರುವ ಎಂಜಿನ್ ಹೆಚ್ಚು ಸುತ್ತುಗಳಲ್ಲಿ ಸುಲಲಿತವಾಗಿ ಓಡುತ್ತದೆ. ಕಡಿಮೆ ಸುತ್ತುಗಳಲ್ಲಿ ಎಳೆಯುವ ಬಲ ಕಡಿಮೆ. ಇದಕ್ಕೆ ಪ್ರತಿಯಾಗಿ, ನಂತರದ ಜೀಪ್‌ಗಳಲ್ಲಿ ಬಂದ 2523 ಸಿ.ಸಿ. ಡಿಐ ಎಂಜಿನ್‌ನ ವ್ಯಾಸ 88.9 ಮಿ.ಮೀ., ಚಲನೆಯ ಉದ್ದ 101.6 ಮಿ.ಮೀ. ಅದು ಟ್ರ್ಯಾಕ್ಟರ್‌ನಂತೆ ನಿಧಾನವಾಗಿ ಎಳೆಯಬಲ್ಲದು. ಆ ಜೀಪ್ ಓಡಿಸಿದ ಅಭ್ಯಾಸದಲ್ಲಿ ಹಳೆಯ ಎಂಜಿನ್ನನ್ನೂ ಎತ್ತರದ ಗೇರಿನಲ್ಲಿ ಗೊರಗುಟ್ಟಿಸುತ್ತಾ ಏರು ಹತ್ತಿಸುವುದು ತಪ್ಪು.

ಇದಕ್ಕೆ ಕಾರಣವಿದೆ. ನೀರಿನ ಪಂಪು ಮತ್ತು ಫ್ಯಾನ್ ಎಂಜಿನ್‌ನ ವೇಗವನ್ನೇ ಅವಲಂಬಿಸಿವೆ. ಭಾರ ಹೇರಿಕೊಂಡು ನಿಮಿಷಕ್ಕೆ 1000 ಸುತ್ತುಗಳ ಆಸುಪಾಸಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಶಾಖ ಹೆಚ್ಚು ಹುಟ್ಟುತ್ತದೆ, ತಂಪು ಮಾತ್ರ ಕಡಿಮೆ ಸಿಗುತ್ತದೆ. ಕಾರಿಗೆ ಒದಗುತ್ತಿದ್ದ ಎದುರುಗಾಳಿಯೂ ತೋಟದ ದಾರಿಯಲ್ಲಿ ಇರುವುದಿಲ್ಲ. ಆದುದರಿಂದ ಏರು ದಾರಿಯಲ್ಲಿ ಮೊದಲೇ ಕೆಳಗಿನ ಗೇರಿಗೆ ಇಳಿದು, ಕಡಿದಾದಲ್ಲಿ ನಾಲ್ಕು ಚಕ್ರದ ‘ಲೋ’ ಗೇರ್ ಬಳಸಿ, ಎಂಜಿನ್ನನ್ನು 2000ದಿಂದ 2500 ಸುತ್ತುಗಳಲ್ಲಿ ಇಟ್ಟುಕೊಳ್ಳುವುದು ಸೂಕ್ತ.

ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ

1. ಮುಂಜಾನೆ ಸ್ಟಾರ್ಟ್ ಆಗದಿರುವುದು

ಪರೋಕ್ಷ ವಿಧಾನದಲ್ಲಿ ಡೀಸೆಲ್ ಮೊದಲು ಹೆಡ್‌ನೊಳಗಿನ ಚಿಕ್ಕ ಕೋಣೆಯಲ್ಲಿ ಹೊತ್ತಿಕೊಳ್ಳುತ್ತದೆ. ಡಿಸೆಂಬರ್–ಜನವರಿಯ ಚಳಿಯಲ್ಲಿ ಆ ಕೋಣೆಯ ತಣ್ಣನೆಯ ಗೋಡೆಗಳು ಗಾಳಿಯ ಶಾಖವನ್ನು ಹೀರುವುದರಿಂದ ಗ್ಲೋ ಪ್ಲಗ್ (ಹೀಟರ್) ಇಲ್ಲದೆ ಎಂಜಿನ್ ಹೊತ್ತಿಕೊಳ್ಳುವುದು ಕಷ್ಟ. ಪ್ಲಗ್‌ಗಳನ್ನು ಜೋಡಿಸುವ ಪಟ್ಟಿಯನ್ನು ಬಿಚ್ಚಿ, ಬ್ಯಾಟರಿಯ ಧನ ತುದಿಯಿಂದ 12 ವೋಲ್ಟ್ ಬಲ್ಬ್ ಮೂಲಕ ಒಂದೊಂದೇ ಪ್ಲಗ್‌ಗೆ ತಂತಿ ಮುಟ್ಟಿಸಬೇಕು. ಬಲ್ಬ್ ಉರಿಯದಿದ್ದರೆ ಆ ಪ್ಲಗ್ ಕೆಟ್ಟಿದೆ ಎಂದರ್ಥ. ಬ್ಯಾಟರಿಯ ಶಕ್ತಿ, ಎಂಜಿನ್ ಹಾಗೂ ಚಾಸಿ ನಡುವಿನ ಅರ್ತ್ ತಂತಿಯ ಬಿಗಿತವನ್ನೂ ನೋಡಬೇಕು.

ಗಾಳಿಯ ಕೊಳವೆಗೆ ಪೆಟ್ರೋಲ್ ಸುರಿಯುವುದು, ಬಟ್ಟೆ ಹೊತ್ತಿಸಿ ಹಿಡಿಯುವುದು, ಸ್ಟಾರ್ಟಿಂಗ್ ಸ್ಪ್ರೇ ಬಳಸುವುದು ಸರ್ವಥಾ ಸಲ್ಲದು. 22:1 ಸಂಪೀಡನದಲ್ಲಿ ಇಂತಹ ಇಂಧನ ಅಕಾಲದಲ್ಲಿ ಸಿಡಿದು ಪಿಸ್ಟನ್ ಮತ್ತು ರಿಂಗುಗಳನ್ನು ಒಡೆಯಬಲ್ಲದು. ಬೆಂಕಿ ಅನಾಹುತದ ಭಯವೂ ಇದೆ.

2. ಸ್ಟಾರ್ಟ್ ಆಗಿ ಕೂಡಲೇ ನಿಂತುಹೋಗುವುದು

ಇದು ಡೀಸೆಲ್ ಕೊಳವೆಯಲ್ಲಿ ಗಾಳಿ ಸೇರಿರುವುದರ ಲಕ್ಷಣ. ಟ್ಯಾಂಕಿನಿಂದ ಪಂಪಿನವರೆಗಿನ ಕೊಳವೆಯಲ್ಲಿ ಡೀಸೆಲ್ ಹೊರಗೆ ಸೋರದಿದ್ದರೂ ಗಾಳಿ ಒಳಗೆ ಎಳೆಯಲ್ಪಡಬಹುದು. ಬಿರುಕು ಬಿಟ್ಟ ರಬ್ಬರ್ ಕೊಳವೆ, ಸವೆದ ತಾಮ್ರದ ವಾಷರ್, ಫಿಲ್ಟರ್‌ನ ಸೀಲು ಇವುಗಳನ್ನು ಬದಲಿಸಬೇಕು. ನಂತರ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆಗಳು ನಿಲ್ಲುವವರೆಗೆ ಕೈಪಂಪು ಒತ್ತಿ ಗಾಳಿ ಹೊರಹಾಕಬೇಕು. ಕೊಳವೆಯ ನಡುವೆ ಪಾರದರ್ಶಕ ತುಂಡೊಂದನ್ನು ತಾತ್ಕಾಲಿಕವಾಗಿ ಜೋಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ.

3. ಡೀಸೆಲ್‌ನಲ್ಲಿ ನೀರು

ಮಲೆನಾಡಿನ ತೇವದಲ್ಲಿ ಅರ್ಧ ಖಾಲಿಯಿರುವ ಟ್ಯಾಂಕು ಹಾಗೂ ಡ್ರಮ್ಮುಗಳ ಒಳಗೋಡೆಯಲ್ಲಿ ಹನಿಗಟ್ಟಿದ ನೀರು ತಳ ಸೇರುತ್ತದೆ. ಇಂಧನ ಪಂಪಿನ ಸೂಕ್ಷ್ಮ ಭಾಗಗಳಿಗೆ ಡೀಸೆಲ್ಲೇ ಜಿಡ್ಡು. ನೀರು ಹೊಕ್ಕರೆ ಅವು ತುಕ್ಕು ಹಿಡಿದು ಸವೆಯುತ್ತವೆ. ಸೀಮೆಎಣ್ಣೆ ಬೆರಸಿದರೂ ಇದೇ ಬಗೆಯ ಸವೆತ ಉಂಟಾಗುತ್ತದೆ. ಬೆಳಿಗ್ಗೆಗಿಂತ ಸಂಜೆ ಟ್ಯಾಂಕ್ ತುಂಬಿಸಿಡುವುದು, ಮಳೆಗಾಲದಲ್ಲಿ ವಾರಕ್ಕೊಮ್ಮೆ ಫಿಲ್ಟರ್‌ನ ತಳದ ನೀರು ಹೊರಬಿಡುವುದು, ಡ್ರಮ್ಮಿನ ತಳದ ಡೀಸೆಲ್ ಬಳಸದಿರುವುದು ಉತ್ತಮ.

4. ಅತಿಯಾಗಿ ಬಿಸಿಯಾಗುವುದು

ಇದೇ ಅತ್ಯಂತ ಅಪಾಯಕಾರಿ ತೊಂದರೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಒಮ್ಮೆ ಮಿತಿಮೀರಿ ಬಿಸಿಯಾದರೆ ಹೆಡ್ ಬಾಗಿ ಗ್ಯಾಸ್ಕೆಟ್ ಒಡೆಯುತ್ತದೆ. ಹೆಡ್ ಬಿರುಕು ಬಿಡುವುದೂ ಉಂಟು. ಇದಕ್ಕೆ ಕಾರಣವಾಗುವ ಅಂಶಗಳು:

• ರೇಡಿಯೇಟರ್ ಎಸಳುಗಳಲ್ಲಿ ಕೆಂಪು ಮಣ್ಣು ಮತ್ತು ತರಗು ತುಂಬಿಕೊಳ್ಳುವುದು. ಕಡಿಮೆ ಒತ್ತಡದ ನೀರಿನಿಂದ, ಎಂಜಿನ್ ಬದಿಯಿಂದ ಹೊರಕ್ಕೆ ತೊಳೆಯಬೇಕು.
• ಹಳ್ಳ, ಕೆರೆಗಳ ನೀರು ತುಂಬಿಸುವುದು. ಇದರಿಂದ ಕೆಸರು ಕಟ್ಟಿ, ಅಲ್ಯೂಮಿನಿಯಂ ಕೊರೆಯುತ್ತದೆ. ನಿಗದಿತ ಪ್ರಮಾಣದಲ್ಲಿ ಕೂಲಂಟ್ ಬೆರಸಿದ ಶುದ್ಧ ನೀರನ್ನೇ ಬಳಸಬೇಕು.
• ಸಡಿಲವಾದ ಫ್ಯಾನ್ ಬೆಲ್ಟ್, ಸೀಲು ಕೆಟ್ಟ ರೇಡಿಯೇಟರ್ ಮುಚ್ಚಳ.
• ಥರ್ಮೋಸ್ಟಾಟ್ ತೆಗೆದುಹಾಕುವುದು. ಇದರಿಂದ ಎಂಜಿನ್ ಸದಾ ತಣ್ಣಗೆ ಓಡಿ ಸಿಲಿಂಡರ್ ಸವೆಯುತ್ತದೆ. ಕೆಟ್ಟಿದ್ದರೆ ಹೊಸದನ್ನು ಹಾಕಬೇಕೇ ಹೊರತು ಬರಿದಾಗಿ ಬಿಡಬಾರದು.

ಮುಳ್ಳು ಮಿತಿಮೀರಿದರೆ ಕೂಡಲೇ ವಾಹನವನ್ನು ಬದಿಗೆ ನಿಲ್ಲಿಸಬೇಕು. ಬಿಸಿಯಿರುವಾಗ ಮುಚ್ಚಳ ತೆರೆಯಬಾರದು, ತಣ್ಣೀರು ಸುರಿಯಬಾರದು. “ಇನ್ನೊಂದು ಏರು ಹತ್ತಿಬಿಡೋಣ” ಎಂಬ ಆತುರವೇ ಹೆಡ್ ಕೆಡಲು ಸಾಕು.

ರೇಡಿಯೇಟರ್‌ನಲ್ಲಿ ನಿರಂತರ ಗುಳ್ಳೆ, ಆಯಿಲ್ ಕಡ್ಡಿಯಲ್ಲಿ ಹಾಲಿನಂತಹ ನೊರೆ, ತಣ್ಣಗಿರುವ ಎಂಜಿನ್ ಚಾಲೂ ಮಾಡಿದ ಕೆಲವೇ ಕ್ಷಣಗಳಲ್ಲಿ ರೇಡಿಯೇಟರ್ ಕೊಳವೆ ಗಟ್ಟಿಯಾಗುವುದು, ಇವು ಗ್ಯಾಸ್ಕೆಟ್ ಒಡೆದಿರುವುದರ ಲಕ್ಷಣಗಳು. ಗ್ಯಾಸ್ಕೆಟ್ ಬದಲಿಸುವಾಗ ಹೆಡ್‌ನ ಸಮತಲವನ್ನು ಕಡ್ಡಾಯವಾಗಿ ಪರೀಕ್ಷಿಸಬೇಕು. ಇಲ್ಲವಾದರೆ ಹೊಸ ಗ್ಯಾಸ್ಕೆಟ್ ಸಹ ಬಾಳುವುದಿಲ್ಲ.

5. ಹೊಗೆಯ ಬಣ್ಣ

• ಕಪ್ಪು ಹೊಗೆ: ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ಮೊದಲು ಏರ್ ಫಿಲ್ಟರ್, ನಂತರ ಇಂಜೆಕ್ಟರ್ ಪರೀಕ್ಷಿಸಬೇಕು.
• ಬಿಳಿ ಹೊಗೆ: ಚಳಿಯಲ್ಲಿ ಸ್ವಲ್ಪ ಹೊತ್ತು ಸಹಜ. ಬಿಸಿಯಾದ ಮೇಲೂ ಮುಂದುವರಿದು ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಗ್ಯಾಸ್ಕೆಟ್ ಬಗ್ಗೆ ಸಂಶಯಪಡಬೇಕು.
• ನೀಲಿ ಹೊಗೆ: ಆಯಿಲ್ ಉರಿಯುತ್ತಿದೆ. ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿರಬಹುದು.

ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇಕಡಾ 9ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಸ್ವಲ್ಪ ಶಕ್ತಿ ಕಳೆದುಕೊಳ್ಳುವುದು ಸಹಜ. ಅದನ್ನು ಸರಿದೂಗಿಸಲು ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸಿದರೆ ಶಕ್ತಿಗಿಂತ ಕಪ್ಪು ಹೊಗೆ ಮತ್ತು ಶಾಖವೇ ಹೆಚ್ಚುತ್ತವೆ. 15 ವರ್ಷ ದಾಟಿದ ವಾಹನದ ನೋಂದಣಿ ನವೀಕರಣದ ವೇಳೆಯಲ್ಲೂ ಇದು ತೊಡಕಾಗುತ್ತದೆ.

ಎಂಜಿನ್ ಬಿಚ್ಚುವ ಮೊದಲು

ಈ ಕ್ರಮದಲ್ಲಿ ಪರೀಕ್ಷಿಸುವುದು ಸೂಕ್ತ: ಬ್ಯಾಟರಿ ಮತ್ತು ಅರ್ತ್, ಗ್ಲೋ ಪ್ಲಗ್, ಡೀಸೆಲ್‌ನಲ್ಲಿ ಗಾಳಿ, ನೀರು, ಏರ್ ಫಿಲ್ಟರ್, ವಾಲ್ವ್ ಸಂದು, ಇಂಜೆಕ್ಟರ್, ಕೊನೆಯಲ್ಲಿ ಸಂಪೀಡನ ಪರೀಕ್ಷೆ. ನಾಲ್ಕೂ ಸಿಲಿಂಡರ್‌ಗಳ ಒತ್ತಡ ನಿಗದಿತ ಮಟ್ಟದಲ್ಲಿದ್ದು ಹೆಚ್ಚುಕಡಿಮೆ ಸಮನಾಗಿದ್ದರೆ ಎಂಜಿನ್ ಬಿಚ್ಚುವ ಅಗತ್ಯವಿಲ್ಲ. ಸಂಪೀಡನ ಅಳೆಯದೆ ಬೋರ್ ಕೆಲಸಕ್ಕೆ ಒಪ್ಪಿಗೆ ನೀಡಬಾರದು.

ವಾರ್ಷಿಕ ನಿರ್ವಹಣೆ

ತೋಟದ ಜೀಪ್ ಕಿಲೋಮೀಟರ್ ಲೆಕ್ಕದಲ್ಲಿ ಕಡಿಮೆ ಓಡಿದರೂ ಗಂಟೆಗಳ ಲೆಕ್ಕದಲ್ಲಿ ಹೆಚ್ಚು ದುಡಿಯುತ್ತದೆ. ಆದುದರಿಂದ ಕಿಲೋಮೀಟರ್‌ಗಾಗಿ ಕಾಯದೆ ವರ್ಷಕ್ಕೆ ಎರಡು ಬಾರಿ, ಮೇ ತಿಂಗಳಲ್ಲಿ ಮಳೆಗೆ ಮುನ್ನ ಹಾಗೂ ಅಕ್ಟೋಬರ್‌ನಲ್ಲಿ ಕೊಯ್ಲಿಗೆ ಮುನ್ನ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಬೇಕು. ಅಕ್ಟೋಬರ್‌ನಲ್ಲಿಯೇ ಗ್ಲೋ ಪ್ಲಗ್, ಬೆಲ್ಟ್, ಕೊಳವೆಗಳನ್ನು ಪರೀಕ್ಷಿಸಿ, ಡೀಸೆಲ್ ಫಿಲ್ಟರ್ ಬದಲಿಸಿ, ರೇಡಿಯೇಟರ್ ತೊಳೆದಿಡಬೇಕು. ಒಂದು ಬೆಲ್ಟ್, ಒಂದು ಡೀಸೆಲ್ ಫಿಲ್ಟರ್, ಕೆಲವು ತಾಮ್ರದ ವಾಷರ್‌ಗಳು ಮತ್ತು ಐದು ಲೀಟರ್ ಶುದ್ಧ ನೀರು ಸದಾ ವಾಹನದಲ್ಲಿರಲಿ.

ವಿಸ್ತರಣಾ ಕಾರ್ಯಕರ್ತರು ಗ್ರಾಮ ಸಭೆಗಳಲ್ಲಿ ಗ್ಲೋ ಪ್ಲಗ್ ಪರೀಕ್ಷೆ ಮತ್ತು ಗಾಳಿ ಹೊರಹಾಕುವ ವಿಧಾನವನ್ನು ಪ್ರಾತ್ಯಕ್ಷಿಕೆಯ ಮೂಲಕ ತೋರಿಸಿದರೆ ಹೆಚ್ಚು ಪ್ರಯೋಜನವಾಗುತ್ತದೆ. ಇವೆರಡನ್ನು ಮನೆಯ ಒಬ್ಬರಾದರೂ ಕಲಿತಿದ್ದರೆ, ಮೆಕ್ಯಾನಿಕ್ ಬರಲಾಗದ ಮಳೆಯ ರಾತ್ರಿಯಲ್ಲೂ ಜೀಪ್ ಹೊರಡಿಸುವ ಅವಕಾಶ ಕೈಯಲ್ಲಿರುತ್ತದೆ.