ಶಿಕ್ಷಕರ ಸಂಘಟನೆ, ನ್ಯಾಯವಾದ ಕರಾರು ಮತ್ತು ಊರಿನ ಬೆಂಬಲ

ವಿದ್ಯಾಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ಕಟ್ಟಡಗಳ ಚರಿತ್ರೆ ಇರುತ್ತದೆ. ದಾನಿಗಳ ನಾಮಾವಳಿ, ಪರೀಕ್ಷೆಗಳ ಫಲಿತಾಂಶ, ಕ್ರೀಡಾಪಟುಗಳ ಭಾವಚಿತ್ರ ಇರುತ್ತವೆ. ಆದರೆ ಆ ಕಟ್ಟಡದೊಳಗೆ ನಿಂತು ಪಾಠ ಹೇಳುವ ಶಿಕ್ಷಕನು ಯಾವ ನಿಬಂಧನೆಗಳ ಮೇಲೆ ದುಡಿಯುತ್ತಾನೆ, ಅವನ ಕೈಗೆ ತಿಂಗಳಿಗೆ ಏನು ಸೇರುತ್ತದೆ, ನಾಳೆಯೂ ಅವನು ಅಲ್ಲಿಯೇ ಇರುವನೆಂಬ ಭರವಸೆ ಎಷ್ಟು ಎಂಬ ವಿಷಯ ಈ ಪುಟಗಳಲ್ಲಿ ಅಪರೂಪ. ಇದು ಶಿಕ್ಷಕರ ಖಾಸಗಿ ಸಂಗತಿಯೆಂದು ನಾವು ಭಾವಿಸಿದ್ದೇವೆ. ವಾಸ್ತವವಾಗಿ ಇದು ಶಾಲೆಯ ಅಡಿಪಾಯಕ್ಕೆ ಸೇರಿದ ಸಂಗತಿ. ಶಿಕ್ಷಕರ ಸಂಘಗಳು ಏನನ್ನು ಕೇಳುತ್ತ ಬಂದಿವೆ, ಅದರಲ್ಲಿ ಎಷ್ಟು ಕೈಗೂಡಿತು, ಊರಿನ ಜನ ಹಾಗೂ ದಾನಿಗಳು ಈ ವಿಷಯದಲ್ಲಿ ಏನು ಮಾಡಬಲ್ಲರು ಎಂಬುದನ್ನು ಸಂಗ್ರಹವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ನಮ್ಮ ಸೀಮೆಯ ಹಿನ್ನೆಲೆ

ಅಳವಂಡಿ, ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿಗಳು ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದವು. ಉರ್ದು ಅಲ್ಲಿ ಆಡಳಿತದ ಭಾಷೆ. ಉನ್ನತ ಶಿಕ್ಷಣದ ಭಾಷೆಯೂ ಅದೇ. ಕನ್ನಡ ಕಲಿಸುವ ಖಾಸಗಿ ಶಾಲೆಗೆ ಅನುಮತಿ ದೊರೆಯುವುದು ಕಷ್ಟವಾಗಿತ್ತು. ಪೂರ್ವಾನುಮತಿಯಿಲ್ಲದೆ ಸಭೆ ಸೇರುವುದನ್ನು ಗಸ್ತಿ ೫೩ ಎಂಬ ಕುಖ್ಯಾತ ಆಜ್ಞೆ ನಿಷೇಧಿಸಿತ್ತು. ನಾಲ್ಕು ಜನ ಕೂಡಿ ಮಾತನಾಡುವುದೇ ಅಪರಾಧವಾಗಿದ್ದಲ್ಲಿ ಉಪಾಧ್ಯಾಯರು ಸಂಘ ಕಟ್ಟುವುದು ದೂರದ ಮಾತು. ಆ ಆಳಿಕೆಯ ವಿರುದ್ಧ ನಮ್ಮ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿಯ ಗಡಿ ಶಿಬಿರದ ನಾಯಕತ್ವ ವಹಿಸಿದರು. ಮುಂದೆ ೧೯೫೨ರಲ್ಲಿ ಕುಷ್ಟಗಿ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಹೋದರು. ಸಭೆ ಸೇರುವ ಹಕ್ಕು ಈ ಮಣ್ಣಿಗೆ ಬೆಲೆ ತೆತ್ತು ಬಂದದ್ದು ಎಂಬುದನ್ನು ನೆನಪಿಸುವುದಕ್ಕಾಗಿಯೇ ಈ ಪ್ರಸ್ತಾಪ. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ ೧೯ನೆಯ ಅನುಚ್ಛೇದ ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ. ಶಿಕ್ಷಕನೂ ನಾಗರಿಕನೇ.

ವಿಮೋಚನೆಯ ತರುವಾಯ ಈ ಮಳೆಯಾಶ್ರಿತ ಸೀಮೆಯಲ್ಲಿ ಪ್ರೌಢಶಾಲೆಗಳು ತಲೆಯೆತ್ತಿದುದು ಬಹುಮಟ್ಟಿಗೆ ಮಠಗಳ ಜೋಳಿಗೆಯಿಂದ, ರೈತರ ಚೀಲದ ಜೋಳದಿಂದ. ಸರಕಾರ ತಲುಪದ ಕಡೆ ಮಠ ತಲುಪಿತು. ಈ ಉಪಕಾರವನ್ನು ಎಷ್ಟು ಸ್ಮರಿಸಿದರೂ ಸಾಲದು. ಆದರೆ ಗೋಡೆ ಎದ್ದ ಮೇಲೆ ಒಂದು ಪ್ರಶ್ನೆ ಉಳಿಯಿತು. ದಾನದಿಂದ ಕಟ್ಟಡವನ್ನು ಒಮ್ಮೆ ಕಟ್ಟಬಹುದು. ಸಂಬಳವನ್ನಾದರೋ ಪ್ರತಿ ತಿಂಗಳೂ ಕೊಡಬೇಕು.

ಕರಾರೆಂದರೆ ಏನು?

ಶಿಕ್ಷಕ ಸಂಘಗಳ ಬೇಡಿಕೆಯನ್ನು ‘ಸಂಬಳ ಹೆಚ್ಚಿಸಿ’ ಎಂಬ ಎರಡು ಶಬ್ದಗಳಿಗೆ ಇಳಿಸುವುದು ಸರಿಯಲ್ಲ. ಅವುಗಳ ಮೂಲ ಬೇಡಿಕೆ ಲಿಖಿತವಾದ, ನ್ಯಾಯವಾದ ಕರಾರು. ಹುದ್ದೆ ಯಾವುದು, ವೇತನವೆಷ್ಟು, ಅದು ವರ್ಷದಿಂದ ವರ್ಷಕ್ಕೆ ಹೇಗೆ ಏರುತ್ತದೆ, ವಾರಕ್ಕೆ ಎಷ್ಟು ಅವಧಿಯ ಪಾಠ, ಪರೀಕ್ಷಾರ್ಥ ಸೇವೆ ಎಂದಿಗೆ ಮುಗಿದು ಕಾಯಂ ಆಗುತ್ತದೆ, ರಜೆ ಯಾವ ಬಗೆಯದು, ತಪ್ಪು ಹೊರಿಸಿದಾಗ ವಿಚಾರಣೆ ಹೇಗೆ ನಡೆಯಬೇಕು ಎಂಬ ಸಂಗತಿಗಳು ನೇಮಕದ ದಿನವೇ ಕಾಗದದ ಮೇಲೆ ಇರಬೇಕೆಂಬುದು ಅದರ ಅರ್ಥ. ಬಾಯಿಮಾತಿನ ನೇಮಕದಲ್ಲಿ ಬೇಸಿಗೆ ರಜೆಗೆ ಮುಂಚೆ ಬಿಡುಗಡೆ ಮಾಡಿ ಜೂನ್ ತಿಂಗಳಲ್ಲಿ ಪುನಃ ಕರೆಯಬಹುದು, ಕರೆಯದೆಯೂ ಇರಬಹುದು. ಲಿಖಿತ ಕರಾರು ಶಿಕ್ಷಕನನ್ನು ರಕ್ಷಿಸುತ್ತದೆ. ನಡುವರ್ಷದಲ್ಲಿ ಹೇಳದೆ ಬಿಟ್ಟುಹೋಗುವವರಿಂದ ಶಾಲೆಯನ್ನೂ ರಕ್ಷಿಸುತ್ತದೆ.

ಯುನೆಸ್ಕೋ ಹಾಗೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು ಕೂಡಿ ೧೯೬೬ರ ಅಕ್ಟೋಬರ್ ೫ರಂದು ಅಂಗೀಕರಿಸಿದ ಶಿಫಾರಸು ಇದನ್ನೇ ಹೇಳುತ್ತದೆ: ಶಿಕ್ಷಕರ ವೇತನ ಮತ್ತು ಸೇವಾ ನಿಯಮಗಳನ್ನು ಅವರ ಸಂಘಗಳೊಡನೆ ಮಾತುಕತೆಯ ಮೂಲಕ ನಿರ್ಧರಿಸಬೇಕು. ೧೯೯೪ರಿಂದ ಆ ದಿನವನ್ನು ವಿಶ್ವ ಶಿಕ್ಷಕರ ದಿನವೆಂದು ಆಚರಿಸಲಾಗುತ್ತಿದೆ.

ಕಾನೂನು ನಡೆದುಬಂದ ದಾರಿ

ಖಾಸಗಿ ಶಾಲೆಗಳ ಶಿಕ್ಷಕರ ಸಂಕಟಕ್ಕೆ ಮೊದಲು ಗಟ್ಟಿಯಾದ ಉತ್ತರ ಬಂದುದು ನೆರೆಯ ಕೇರಳದಲ್ಲಿ. ದೊಡ್ಡ ಮೊತ್ತಕ್ಕೆ ರುಜು ಹಾಕಿಸಿ ಸಣ್ಣ ಮೊತ್ತ ಕೊಡುವ ಪದ್ಧತಿಯ ವಿರುದ್ಧ ಅಲ್ಲಿನ ಉಪಾಧ್ಯಾಯರು ಬಹುಕಾಲ ಹೋರಾಡಿದ್ದರು. ಸ್ವತಃ ಕಾಲೇಜು ಅಧ್ಯಾಪಕರಾಗಿದ್ದ ಶಿಕ್ಷಣ ಸಚಿವ ಜೋಸೆಫ್ ಮುಂಡಶ್ಶೇರಿಯವರು ೧೯೫೭ರಲ್ಲಿ ತಂದ ಮಸೂದೆ ಅನುದಾನಿತ ಶಿಕ್ಷಕರ ಸಂಬಳವನ್ನು ಸರಕಾರದಿಂದಲೇ ನೇರವಾಗಿ ಕೊಡಿಸುವ ಏರ್ಪಾಡು ಮಾಡಿತು. ಉತ್ತರ ಪ್ರದೇಶದಲ್ಲಿಯೂ ಮಾಧ್ಯಮಿಕ ಶಿಕ್ಷಕರ ಚಳವಳಿಯ ಬಳಿಕ ೧೯೭೧ರಲ್ಲಿ ವೇತನ ಪಾವತಿಯ ಕಾಯಿದೆ ಬಂದಿತು.

ಕರ್ನಾಟಕದಲ್ಲಿ ೧೯೭೫ರ ಖಾಸಗಿ ವಿದ್ಯಾಸಂಸ್ಥೆಗಳ (ಶಿಸ್ತು ಮತ್ತು ನಿಯಂತ್ರಣ) ಕಾಯಿದೆ ಮಹತ್ತ್ವದ ಹೆಜ್ಜೆ. ವಿಚಾರಣೆಯಿಲ್ಲದೆ ಯಾವ ನೌಕರನನ್ನೂ ವಜಾ ಮಾಡಕೂಡದು, ಪದಾವನತಿಗೊಳಿಸಕೂಡದು. ಅನ್ಯಾಯವಾದರೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಯ ಮುಂದೆ ಹೋಗಬಹುದು ಎಂಬುದು ಅದರ ಸಾರ. ೧೯೮೩ರಲ್ಲಿ ರಚಿತವಾಗಿ ೧೯೯೫ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯಿದೆ ಈ ರಕ್ಷಣೆಗಳನ್ನು ೯೨, ೯೪ ಹಾಗೂ ೯೬ನೆಯ ಪ್ರಕರಣಗಳಲ್ಲಿ ಮುಂದುವರಿಸಿತು. ಅಳವಂಡಿಯ ಶಿಕ್ಷಕನಾಗಲಿ ಬೆಂಗಳೂರಿನ ಶಿಕ್ಷಕನಾಗಲಿ, ಈ ಬಾಗಿಲು ಇಬ್ಬರಿಗೂ ಒಂದೇ.

ಆದರೆ ಇನ್ನೊಂದು ಬಾಗಿಲು ತೆರೆದಂತೆ ತೋರಿ ಮುಚ್ಚಿತು. ವಿದ್ಯಾಸಂಸ್ಥೆ ‘ಉದ್ಯಮ’ವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೧೯೬೩ರಲ್ಲಿ ಹೇಳಿತ್ತು, ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಸಿದ್ಧ ಮೊಕದ್ದಮೆಯಲ್ಲಿ, ೧೯೭೮ರಲ್ಲಿ, ಅದೂ ಉದ್ಯಮವೇ ಎಂದಿತು. ಶಿಕ್ಷಕರಿಗೆ ಆಸೆ ಮೂಡಿತು. ಆದರೆ ೧೯೮೮ರ ಸುಂದರಾಂಬಾಳ್ ತೀರ್ಪಿನಲ್ಲಿ, ಶಾಲೆ ಉದ್ಯಮವಾದರೂ ಶಿಕ್ಷಕನು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ‘ಕಾರ್ಮಿಕ’ನಲ್ಲವೆಂದು ನ್ಯಾಯಾಲಯ ನಿರ್ಣಯಿಸಿತು. ಹೀಗಾಗಿ ಗಿರಣಿಯ ಕಾರ್ಮಿಕರಂತೆ ಕಾರ್ಮಿಕ ನ್ಯಾಯಾಲಯದ ಮೆಟ್ಟಿಲೇರಿ ಸಾಮೂಹಿಕ ಕರಾರನ್ನು ಕೇಳುವ ದಾರಿ ಶಿಕ್ಷಕರಿಗೆ ದೊರೆಯಲಿಲ್ಲ. ಶಿಕ್ಷಕ ಸಂಘದ ಬಲ ಬಹುಪಾಲು ನೈತಿಕ ಬಲವಾಗಿ ಉಳಿದುದು ಈ ಕಾರಣದಿಂದ. ಆ ಬಲ ಬರುವುದಾದರೂ ಸಮಾಜದಿಂದ.

ಸಂಘಟಿತ ತಾಳ್ಮೆ ಏನು ಮಾಡಬಲ್ಲುದೆಂಬುದಕ್ಕೆ ಗ್ರಾಚುಯಿಟಿಯ ಕಥೆ ನಿದರ್ಶನ. ದೀರ್ಘ ಸೇವೆಯ ಕೊನೆಯಲ್ಲಿ ಕೊಡುವ ಈ ಉಪದಾನದ ಕಾಯಿದೆಯನ್ನು ೧೯೯೭ರ ಏಪ್ರಿಲ್ ೩ರಂದು ವಿದ್ಯಾಸಂಸ್ಥೆಗಳಿಗೆ ವಿಸ್ತರಿಸಲಾಯಿತು. ಶಿಕ್ಷಕರು ಅದರ ವ್ಯಾಪ್ತಿಗೆ ಬರುವುದಿಲ್ಲವೆಂದು ೨೦೦೪ರಲ್ಲಿ ತೀರ್ಪಾಯಿತು. ಅಹಮದಾಬಾದಿನ ಖಾಸಗಿ ಪ್ರಾಥಮಿಕ ಶಿಕ್ಷಕರ ಸಂಘ ಆ ಮೊಕದ್ದಮೆಯಲ್ಲಿ ಸೋತಿತು. ಪ್ರಶ್ನೆ ಮಾತ್ರ ಸಾಯಲಿಲ್ಲ. ಸಂಸತ್ತು ೨೦೦೯ರಲ್ಲಿ ಕಾಯಿದೆಯನ್ನು ತಿದ್ದಿ, ೧೯೯೭ರಿಂದಲೇ ಅನ್ವಯವಾಗುವಂತೆ ಶಿಕ್ಷಕರನ್ನು ಸೇರಿಸಿತು. ಖಾಸಗಿ ಶಾಲೆಗಳು ಇದನ್ನು ಪ್ರಶ್ನಿಸಿದಾಗ ಸರ್ವೋಚ್ಚ ನ್ಯಾಯಾಲಯ ೨೦೨೨ರ ಆಗಸ್ಟಿನಲ್ಲಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಾಲು ಶತಮಾನ ಹಿಡಿದರೂ ಹಕ್ಕು ಕೈಸೇರಿತು.

ಒಂದೇ ಕೋಣೆ, ಎರಡು ವೇತನ

ಇಂದಿನ ಮುಖ್ಯ ಸಮಸ್ಯೆಯನ್ನು ಅರಿಯಲು ಯಾವುದೇ ಗ್ರಾಮೀಣ ಅನುದಾನಿತ ಪ್ರೌಢಶಾಲೆಯ ಶಿಕ್ಷಕರ ಕೋಣೆಯನ್ನು ನೋಡಿದರೆ ಸಾಕು. ಅನುದಾನಿತ ಹುದ್ದೆಯವರಿಗೆ ಸರಕಾರಿ ವೇತನ ಶ್ರೇಣಿ ಉಂಟು. ಅವರು ನಿವೃತ್ತರಾದಾಗ ಸರಕಾರದ ಅನುಮತಿಯಿಲ್ಲದೆ ಆ ಹುದ್ದೆಯನ್ನು ತುಂಬುವಂತಿಲ್ಲ. ಅನುಮತಿ ವರ್ಷಾನುಗಟ್ಟಲೆ ಬಾರದಿರುವುದುಂಟು. ಮಕ್ಕಳಿಗೆ ಗಣಿತವನ್ನು ಕಲಿಸದೆ ಬಿಡಲಾಗದು. ಆದುದರಿಂದ ಆಡಳಿತ ಮಂಡಳಿ ತನ್ನ ಕೈಯಿಂದ ಸಂಬಳ ಕೊಟ್ಟು ಒಬ್ಬರನ್ನು ನೇಮಿಸುತ್ತದೆ. ಅದೇ ತರಗತಿ, ಅದೇ ಪಠ್ಯ, ಅದೇ ಹತ್ತನೆಯ ತರಗತಿಯ ಫಲಿತಾಂಶದ ಹೊಣೆ. ವೇತನ ಮಾತ್ರ ಸರಕಾರಿ ಶ್ರೇಣಿಯ ಒಂದು ಸಣ್ಣ ಪಾಲು.

ಇಲ್ಲಿ ಆಡಳಿತ ಮಂಡಳಿಯನ್ನಷ್ಟೇ ದೂರುವುದು ನ್ಯಾಯವಲ್ಲ. ಒಣಬೇಸಾಯದ ಊರಿನಲ್ಲಿ ಶುಲ್ಕವನ್ನು ಏರಿಸಿದರೆ ಮೊದಲು ಶಾಲೆ ಬಿಡುವವಳು ಕೂಲಿಯವರ ಮಗಳು. ೧೯೯೫ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳಿಗೂ ಅನುದಾನ ಕೊಡಬೇಕೆಂಬ ಬೇಡಿಕೆಯಲ್ಲಿ ಶಿಕ್ಷಕರೂ ಆಡಳಿತ ಮಂಡಳಿಗಳೂ ಒಂದೇ ಪಕ್ಷದಲ್ಲಿರುವುದು ಇದೇ ಕಾರಣಕ್ಕೆ. ಹಳೆಯ ನಿವೃತ್ತಿ ವೇತನಕ್ಕಾಗಿ ಅನುದಾನಿತ ಸಂಸ್ಥೆಗಳ ನೌಕರರು ೨೦೨೨-೨೩ರಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕುಳಿತದ್ದೂ ಸರಕಾರವನ್ನು ಉದ್ದೇಶಿಸಿಯೇ. ಇಂಥ ಮಾತುಗಳನ್ನಾಡಲು ಸಂವಿಧಾನ ಒಂದು ವೇದಿಕೆಯನ್ನೂ ಕಲ್ಪಿಸಿದೆ. ನಮ್ಮ ವಿಧಾನ ಪರಿಷತ್ತಿನ ೭೫ ಸ್ಥಾನಗಳಲ್ಲಿ ೭ ಶಿಕ್ಷಕರ ಕ್ಷೇತ್ರಗಳಿಗೆ ಮೀಸಲು. ಕೊಪ್ಪಳ ಜಿಲ್ಲೆ ಈಶಾನ್ಯ ಶಿಕ್ಷಕರ ಕ್ಷೇತ್ರಕ್ಕೆ ಸೇರಿದೆ. ಆದರೆ ಪ್ರೌಢಶಾಲೆಗಿಂತ ಕೆಳಗಿನ ಹಂತದ ಶಿಕ್ಷಕರಿಗೆ ಅಲ್ಲಿ ಮತವಿಲ್ಲ.

ಮುಷ್ಕರಗಳು ಕಲಿಸಿದ ಪಾಠ

ಸರಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಹೋರಾಟದಿಂದ ಎರಡು ಪಾಠಗಳನ್ನು ಕಲಿಯಬಹುದು. ೨೦೨೧ರ ಡಿಸೆಂಬರಿನಲ್ಲಿ ಅವರು ತರಗತಿ ಬಹಿಷ್ಕರಿಸಿದಾಗ ಮಾಸಿಕ ಗೌರವಧನ ಅರ್ಹತೆಗನುಗುಣವಾಗಿ ೧೧,೦೦೦ ಮತ್ತು ೧೩,೦೦೦ ರೂಪಾಯಿ ಇತ್ತು. ೨೦೨೨ರ ಜನವರಿಯಲ್ಲಿ ಸರಕಾರ ಅದನ್ನು ೨೬,೦೦೦ದಿಂದ ೩೨,೦೦೦ ರೂಪಾಯಿಯವರೆಗೆ ಏರಿಸಿತು. ಜೊತೆಗೆ ವಾರದ ಕಾರ್ಯಭಾರವನ್ನು ೧೫ ಗಂಟೆಗೆ ಹೆಚ್ಚಿಸಿತು. ಒಬ್ಬರ ಪಾಲಿನ ಪಾಠ ಹೆಚ್ಚಿದಂತೆ ಬೇಕಾಗುವವರ ಸಂಖ್ಯೆ ಇಳಿಯಿತು. ಹಲವರು ಕೆಲಸ ಕಳೆದುಕೊಂಡರು. ಕರಾರಿನಲ್ಲಿ ವೇತನದ ಸಾಲನ್ನಷ್ಟೇ ಓದದೆ ಕೆಲಸದ ಸಾಲನ್ನೂ ಓದಬೇಕೆಂಬುದು ಮೊದಲನೆಯ ಪಾಠ.

೨೦೨೩ರ ಕೊನೆಯಲ್ಲಿ ಸೇವೆ ಕಾಯಂಗೊಳಿಸಬೇಕೆಂದು ಅವರು ಪುನಃ ಹೋರಾಟಕ್ಕಿಳಿದರು. ಸರಕಾರ ೫,೦೦೦ದಿಂದ ೮,೦೦೦ ರೂಪಾಯಿಯವರೆಗಿನ ಹೆಚ್ಚಳವನ್ನೂ ಆರೋಗ್ಯ ವಿಮೆಯನ್ನೂ ಘೋಷಿಸಿತು. ಕಾಯಂ ಮಾಡಲು ಒಪ್ಪಲಿಲ್ಲ. ೨೦೨೪ರ ಹೊಸ ವರ್ಷದ ದಿನ ಅವರು ಪಾದಯಾತ್ರೆಯಲ್ಲಿ ಬೆಂಗಳೂರಿಗೆ ಹೊರಟರು. ಹೊರಟದ್ದು ತುಮಕೂರಿನ ಸಿದ್ಧಗಂಗೆಯಿಂದ. ಸಮಾಜದ ಕಣ್ಣ ಮುಂದೆ, ಸಮಾಜ ಗೌರವಿಸುವ ಸ್ಥಳದಿಂದ ನಡೆಯಬೇಕೆಂಬ ವಿವೇಕ ಅದರಲ್ಲಿತ್ತು. ಇದು ಎರಡನೆಯ ಪಾಠ.

ಇದೇ ವಿವೇಕವನ್ನು ಅಮೆರಿಕದ ಪಶ್ಚಿಮ ವರ್ಜೀನಿಯಾ ರಾಜ್ಯದ ಶಿಕ್ಷಕರು ೨೦೧೮ರಲ್ಲಿ ಬೇರೊಂದು ರೀತಿಯಲ್ಲಿ ತೋರಿದರು. ರಾಜ್ಯದ ಎಲ್ಲ ೫೫ ಕೌಂಟಿಗಳಲ್ಲಿಯೂ ಶಾಲೆಗಳು ಮುಚ್ಚಿದವು. ಬಡಮಕ್ಕಳು ಶಾಲೆಯ ಊಟವನ್ನು ನಂಬಿದ್ದುದರಿಂದ, ಶಿಕ್ಷಕರು ಮುಷ್ಕರಕ್ಕೆ ಮುನ್ನ ಊಟದ ಪೊಟ್ಟಣಗಳನ್ನು ಕಟ್ಟಿ ಮಕ್ಕಳಿಗೆ ತಲುಪಿಸುವ ವ್ಯವಸ್ಥೆ ಮಾಡಿದರು. ಪಾಲಕರು ಶಿಕ್ಷಕರ ಪಕ್ಷದಲ್ಲಿ ನಿಂತರು. ಒಂಬತ್ತು ಶಾಲಾದಿನಗಳ ಬಳಿಕ ಶೇಕಡಾ ೫ರ ವೇತನ ಹೆಚ್ಚಳ ದೊರೆಯಿತು. ೨೦೦೨ರಲ್ಲಿ ‘ಅಕ್ಷರ ದಾಸೋಹ’ ಮೊದಲು ಆರಂಭವಾದ ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ಹಸಿದ ಮಗುವಿಗೆ ಶಾಲೆಯ ಊಟ ಏನೆಂಬುದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಮಗುವಿನ ಹಿತವನ್ನು ಮರೆಯದ ಸಂಘಟನೆಗೆ ಊರು ಬೆನ್ನು ತಿರುಗಿಸುವುದಿಲ್ಲ.

ಸೇವೆ ಎಂಬ ಮಾತು

ಮಠದ ಶಾಲೆಯಲ್ಲಿ ಪಾಠ ಹೇಳುವುದು ಸೇವೆ. ಅಲ್ಲಿ ಸಂಘವೇಕೆ, ಕರಾರೇಕೆ ಎಂದು ಕೇಳುವವರುಂಟು. ಅವರ ಭಾವನೆ ದೊಡ್ಡದು. ಆದರೆ ಶರಣರು ಕಾಯಕವನ್ನು ಮೊದಲಿಟ್ಟು ದಾಸೋಹವನ್ನು ಅದರ ಫಲವಾಗಿ ಕಂಡರೆಂಬುದನ್ನು ಮರೆಯಬಾರದು. ಕಾಯಕದ ಫಲ ಕೈಗೆ ಬಂದ ಮೇಲೆ, ಅದರಿಂದ ಮನಸಾರೆ ಕೊಡುವುದು ದಾಸೋಹ. ಕೈಗೆ ಬರುವ ಮೊದಲೇ ಹಿಡಿದುಕೊಂಡ ಭಾಗಕ್ಕೆ ಆ ಹೆಸರು ಸಲ್ಲದು. ಶಿಕ್ಷಕನು ಸಂಜೆ ಹೆಚ್ಚಿನ ಪಾಠ ಹೇಳುವುದು ಅವನ ದಾಸೋಹ. ಅವನ ತಿಂಗಳ ವೇತನ ಅವನ ಹಕ್ಕು. ಎರಡನ್ನೂ ಬೇರ್ಪಡಿಸಿ ನೋಡಿದರೆ ಸಂಘಕ್ಕೂ ಮಠಕ್ಕೂ ವಿರೋಧ ಉಳಿಯುವುದಿಲ್ಲ.

ದಾನಿಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಇಲ್ಲಿ ಒಂದು ವಿಜ್ಞಾಪನೆ. ಕೋಣೆಗೊಂದು ಶಿಲಾಫಲಕ ಹಾಕಿಸುವಂತೆ ಹುದ್ದೆಗೊಂದು ವೇತನ ದತ್ತಿಯನ್ನೂ ಸ್ಥಾಪಿಸಬಹುದು. ಶೇಕಡಾ ೬ರ ಬಡ್ಡಿ ಎಂದಿಟ್ಟುಕೊಂಡರೆ ೧೦ ಲಕ್ಷ ರೂಪಾಯಿಯ ಠೇವಣಿ ವರ್ಷಕ್ಕೆ ೬೦,೦೦೦ ರೂಪಾಯಿ, ಅಂದರೆ ತಿಂಗಳಿಗೆ ೫,೦೦೦ ರೂಪಾಯಿ ತರುತ್ತದೆ. ಅನುದಾನವಿಲ್ಲದ ಒಬ್ಬ ಶಿಕ್ಷಕಿಯ ಸಂಬಳಕ್ಕೆ ಅಷ್ಟು ಕೂಡಿದರೆ, ಪೇಟೆಯ ಶಾಲೆಗೆ ಹೋಗಬೇಕೆಂದಿದ್ದವಳು ಊರಿನಲ್ಲಿಯೇ ಉಳಿದಾಳು. ಹತ್ತು ಮಂದಿ ಹಳೆಯ ವಿದ್ಯಾರ್ಥಿಗಳು ಸೇರಿದರೆ ಇದು ಅಸಾಧ್ಯವೇನಲ್ಲ. ಆಡಳಿತ ಮಂಡಳಿಗಳು ತಮ್ಮ ಪಾಲಿಗೆ ಪ್ರತಿಯೊಬ್ಬ ಶಿಕ್ಷಕರಿಗೂ ಲಿಖಿತ ನೇಮಕಾತಿ ಆದೇಶ ಕೊಡಬಹುದು. ಬೇಸಿಗೆ ರಜೆಯ ವೇತನವನ್ನು ಅದರಲ್ಲಿ ಸೇರಿಸಬಹುದು. ವರ್ಷಕ್ಕೊಮ್ಮೆ ಶಿಕ್ಷಕರ ಪ್ರತಿನಿಧಿಗಳನ್ನೂ ಪಾಲಕರನ್ನೂ ಕೂರಿಸಿ ಲೆಕ್ಕಪತ್ರವನ್ನು ಮುಂದಿಡಬಹುದು. ಹಣ ಇಲ್ಲದಾಗ ಇಲ್ಲವೆಂದು ಲೆಕ್ಕ ತೋರಿಸಿ ಹೇಳಿದರೆ ಶಿಕ್ಷಕರು ಅರಿಯದವರಲ್ಲ. ಶಿಕ್ಷಕ ಸಂಘಗಳು ತಮ್ಮ ಬೇಡಿಕೆಯ ಪಟ್ಟಿಯಲ್ಲಿ ಮಕ್ಕಳ ಗ್ರಂಥಾಲಯ, ಪ್ರಯೋಗಶಾಲೆಗಳಿಗೂ ಒಂದು ಸಾಲನ್ನು ಇಡಲಿ.

ಈ ಸಂಚಿಕೆಯ ಪುಟಗಳಲ್ಲಿ ಮುಂದಿನ ವರ್ಷಗಳಲ್ಲಿ ಕೊಠಡಿಗಳ ಪಟ್ಟಿಯ ಪಕ್ಕದಲ್ಲಿ ವೇತನ ದತ್ತಿಗಳ ಪಟ್ಟಿಯೂ ಅಚ್ಚಾಗಲಿ, ಶಾಲೆ ಬಿಟ್ಟುಹೋದ ಶಿಕ್ಷಕರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯಲಿ ಎಂದು ಹಾರೈಸುತ್ತೇವೆ.