ಪಿಡುಗಿನ ದಿನಗಳಲ್ಲಿ ಶಾಲೆ

ಸಾಂಕ್ರಾಮಿಕ ರೋಗವು ಊರಿನಲ್ಲಿ ಹರಡಿರುವಾಗ ಮಕ್ಕಳನ್ನು ಶಾಲೆಗೆ ಕಳುಹಿಸಬೇಕೆ, ಮನೆಯಲ್ಲಿಯೇ ಇರಿಸಿಕೊಳ್ಳಬೇಕೆ ಎಂಬ ಪ್ರಶ್ನೆಯು ಹೊಸದಲ್ಲ. ಪ್ಲೇಗು, ಇನ್‌ಫ್ಲುಯೆಂಜ, ಪೋಲಿಯೊ ಇವು ಒಂದೊಂದೂ ತನ್ನ ತನ್ನ ಕಾಲದ ತಂದೆತಾಯಿಗಳನ್ನು ಈ ಪ್ರಶ್ನೆಯ ಮುಂದೆ ನಿಲ್ಲಿಸಿದುವು. ಆದರೆ 2021ನೆಯ ಇಸವಿಯಲ್ಲಿ ನಮ್ಮ ಕರ್ನಾಟಕದ ಮನೆಗಳಲ್ಲಿ ಅದು ಎದ್ದ ರೀತಿಯಲ್ಲಿ ಒಂದು ವಿಶೇಷವಿದ್ದಿತು. ಸರ್ಕಾರವು ಶಾಲೆಯ ಬಾಗಿಲನ್ನು ತೆರೆಯಿತು; ಹಾಜರಾತಿಯನ್ನು ಮಾತ್ರ ಕಡ್ಡಾಯ ಮಾಡಲಿಲ್ಲ. ತಂದೆ ಅಥವಾ ತಾಯಿ ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿ ಕೊಟ್ಟಲ್ಲದೆ ಮಗುವು ತರಗತಿಯಲ್ಲಿ ಕುಳಿತುಕೊಳ್ಳುವಂತಿರಲಿಲ್ಲ. ಪಂಡಿತರೂ ವೈದ್ಯರೂ ತಿಂಗಳುಗಟ್ಟಲೆ ಚರ್ಚಿಸಿ ಒಮ್ಮತಕ್ಕೆ ಬಾರದಿದ್ದ ವಿಷಯವನ್ನು, ಬೆಳಗಿನ ಅಡಿಗೆಯ ಗಡಿಬಿಡಿಯ ನಡುವೆ ಗೃಹಿಣಿಯೊಬ್ಬಳು ತೀರ್ಮಾನಿಸಬೇಕಾಯಿತು. ಆ ತೀರ್ಮಾನಕ್ಕೆ ಯಾವ ಯಾವ ಸಂಗತಿಗಳನ್ನು ತೂಗಿನೋಡಬೇಕಾಗಿದ್ದಿತು ಎಂಬುದನ್ನು ಈ ಉಪನ್ಯಾಸದಲ್ಲಿ ವಿಚಾರಮಾಡೋಣ. ಇಂಥ ಪತ್ರವು ಇನ್ನೊಮ್ಮೆ ನಮ್ಮ ಮನೆಗಳಿಗೆ ಬರಲಾರದೆಂದು ಹೇಳಬಲ್ಲವರು ಯಾರೂ ಇಲ್ಲ.

ಮೊದಲು ತಿಳಿಯಬೇಕಾದುದು ರೋಗದ ಸಂಚಾರಕ್ರಮ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನರು ಮನೆಗಳನ್ನು ತೊರೆದು ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಪ್ಲೇಗಿನ ಬೀಜವನ್ನು ಹೊರುವುದು ಇಲಿಯ ಮೈಮೇಲಣ ಚಿಗಟ. ಇಲಿಯಿರುವ ಮನೆಯೇ ಅಪಾಯದ ಮನೆ. ಆದುದರಿಂದ ಮನೆಯನ್ನು ಬಿಡುವುದೇ ಆಗ ವಿವೇಕವಾಗಿದ್ದಿತು. ಕಾಲರವು ನೀರಿನ ಮೂಲಕ ಬರುವುದು. ಅಲ್ಲಿ ಬಾವಿಯನ್ನು ಕಾಯಬೇಕು. ಕೋವಿಡ್ ರೋಗವಾದರೋ ಮುಖ್ಯವಾಗಿ ಉಸಿರಿನ ಮೂಲಕ ಹರಡುವುದು. ರೋಗಿಯು ಮಾತನಾಡಿದಾಗ, ಕೆಮ್ಮಿದಾಗ, ಹಾಡಿದಾಗ ಹೊರಬಿದ್ದ ಸೂಕ್ಷ್ಮಕಣಗಳು ಮುಚ್ಚಿದ ಕೋಣೆಯ ಗಾಳಿಯಲ್ಲಿ ಬಹಳ ಹೊತ್ತು ತೇಲಾಡುತ್ತಿರುವುವು. ಬಯಲಿನಲ್ಲಿ ಬೇಗನೆ ಚದರಿಹೋಗುವುವು. ಹೀಗಿರುವುದರಿಂದ “ಮನೆ”, “ಶಾಲೆ” ಎಂಬ ಹೆಸರುಗಳಿಂದ ಏನೂ ತೀರ್ಮಾನವಾಗದು. ಎಷ್ಟು ಜನ, ಎಷ್ಟು ಹೊತ್ತು, ಎಂಥ ಗಾಳಿಯಲ್ಲಿ ಎಂಬುದೇ ಪ್ರಶ್ನೆ. ನಾಲ್ಕು ಕಿಟಕಿಗಳನ್ನು ತೆರೆದಿಟ್ಟ ಹಳೆಯ ಸರ್ಕಾರಿ ಶಾಲೆಯ ಕೊಠಡಿಯು, ಆರು ಜನ ಮಲಗುವ ಒಂಟಿ ಕೋಣೆಯ ಮನೆಗಿಂತ ಮೇಲಾಗಿರಬಹುದು. ತಂಪು ಹವೆಯ ಯಂತ್ರವಿಟ್ಟು ಗಾಜುಗಳನ್ನು ಬಿಗಿದ ಬೆಲೆಬಾಳುವ ಶಾಲೆಯ ತರಗತಿಯು ಅದಕ್ಕಿಂತ ಕೀಳಾಗಿರಬಹುದು. ಇನ್ನೊಂದು ಮಾತು: ತರಗತಿಯಲ್ಲಿ ಮಕ್ಕಳ ನಡುವೆ ಎಷ್ಟು ಅಡಿ ಅಂತರವಿದೆಯೆಂದು ವಿಚಾರಿಸಿದ ಎಷ್ಟೋ ಮಂದಿ, ಅದೇ ಮಕ್ಕಳನ್ನು ಹತ್ತು ಹನ್ನೆರಡರ ಗುಂಪಿನಲ್ಲಿ ವ್ಯಾನಿಗೆ ತುಂಬಿ ಕಳುಹಿಸುವಾಗ ವಿಚಾರಿಸಲಿಲ್ಲ.

ಎರಡನೆಯದು, ಮಗುವಿಗೇ ಇರುವ ಅಪಾಯ. ಈ ರೋಗದ ತೀವ್ರತೆಯು ವಯಸ್ಸಿನೊಡನೆ ಬಹು ಕಡಿದಾಗಿ ಏರುವುದು. ಆರೋಗ್ಯವಂತರಾದ ಮಕ್ಕಳಲ್ಲಿ ಮರಣವು ಅತ್ಯಂತ ವಿರಳ. ಇಲ್ಲವೆಂದು ಹೇಳುವಂತಿಲ್ಲ, ಸೋಂಕು ತಗುಲಿ ಎರಡರಿಂದ ಆರು ವಾರಗಳಾದ ಮೇಲೆ ಕೆಲವು ಮಕ್ಕಳಲ್ಲಿ ಹಲವು ಅಂಗಗಳಿಗೆ ಉರಿಯೂತ ಬರುವ ಕಠಿಣವಾದ ವ್ಯಾಧಿಯೊಂದು ಕಾಣಿಸಿಕೊಂಡುದುಂಟು. ಹೃದಯದ ಅಥವಾ ಶ್ವಾಸಕೋಶದ ಕಾಯಿಲೆ, ರಕ್ತದ ಕ್ಯಾನ್ಸರು ಮೊದಲಾದುವುಗಳಿರುವ ಮಗುವಿನ ಲೆಕ್ಕವೇ ಬೇರೆ. ಅಂಥ ಮಗುವಿನ ವಿಷಯದಲ್ಲಿ ನೆರೆಮನೆಯವರ ಅಭಿಪ್ರಾಯಕ್ಕಿಂತ ಅದನ್ನು ನೋಡುವ ವೈದ್ಯನ ಅಭಿಪ್ರಾಯವು ಮುಖ್ಯ. ಮಿಕ್ಕ ಮಕ್ಕಳಲ್ಲಿ ಅಪಾಯವು ಬಹುಮಟ್ಟಿಗೆ ಅವರಿಗಲ್ಲ, ಅವರು ಸಂಜೆ ಮನೆಗೆ ಬಂದು ಯಾರ ತೊಡೆಯೇರುತ್ತಾರೆಯೋ ಅವರಿಗೆ.

ನಮ್ಮ ದೇಶದ ಮನೆಗಳಲ್ಲಿ ಅಜ್ಜ ಅಜ್ಜಿಯರಿರುವುದರಿಂದ ಈ ಅಂಶವು ಎಲ್ಲಕ್ಕಿಂತ ಭಾರವಾದುದು. ಇಲ್ಲಿ ತೇದಿಗಳನ್ನು ಗಮನಿಸಬೇಕು. 2021ರ ಜನವರಿ 1ರಂದು ಹತ್ತನೆಯ ತರಗತಿಯೂ ಎರಡನೆಯ ಪಿ.ಯು.ಸಿ.ಯೂ ತೆರೆದಾಗ ಮನೆಯ ಹಿರಿಯರಲ್ಲಿ ಒಬ್ಬರಿಗೂ ಲಸಿಕೆಯಾಗಿರಲಿಲ್ಲ. ಅರುವತ್ತು ವರ್ಷ ದಾಟಿದವರಿಗೆ ಲಸಿಕೆ ಹಾಕಲಾರಂಭಿಸಿದ್ದು ಆ ವರ್ಷದ ಮಾರ್ಚಿ 1ರಂದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಎರಡನೆಯ ಅಲೆಯು ಬಂದು ಹೋಯಿತು. ಅದರ ಕಥೆಯನ್ನು ಇಲ್ಲಿ ಹೇಳಬೇಕಾಗಿಲ್ಲ. ಆಗಸ್ಟ್ 23ರಂದು ಒಂಬತ್ತರಿಂದ ಹನ್ನೆರಡರವರೆಗಿನ ತರಗತಿಗಳು ಮತ್ತೆ ಆರಂಭವಾದಾಗ ಹಿರಿಯರಲ್ಲಿ ಅನೇಕರಿಗೆ ಲಸಿಕೆಯಾಗಿದ್ದಿತು. ಹೀಗೆ ಜನವರಿಯಲ್ಲಿ “ಬೇಡ” ಎಂದ ಮನೆಯು ಆಗಸ್ಟಿನಲ್ಲಿ “ಹೋಗಲಿ” ಎಂದರೆ ಅದರಲ್ಲಿ ಚಂಚಲಬುದ್ಧಿಯೇನೂ ಇಲ್ಲ. ಸಂಗತಿಯು ಬದಲಾಗಿದ್ದಿತು, ಉತ್ತರವೂ ಬದಲಾಯಿತು. ಒಮ್ಮೆ ಭಯದಿಂದ ಮಾಡಿದ ತೀರ್ಮಾನವನ್ನು ಭಯದ ಕಾರಣವು ಕಳೆದ ಮೇಲೂ ಹಿಡಿದುಕೊಂಡವರೇ ಹೆಚ್ಚೆಂದು ನಮಗೆ ತೋರುವುದು.

ಮಕ್ಕಳು ಮನೆಯಲ್ಲಿದ್ದರೆ ರೋಗಕ್ಕೆ ದೂರವಿರುವರೆಂಬ ನಂಬಿಕೆಯನ್ನೂ ಪರೀಕ್ಷಿಸಿ ನೋಡಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2021ರ ಜೂನ್, ಜುಲೈ ತಿಂಗಳುಗಳಲ್ಲಿ ದೇಶದ 70 ಜಿಲ್ಲೆಗಳಲ್ಲಿ ಜನರ ರಕ್ತವನ್ನು ಪರೀಕ್ಷಿಸಿತು. ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ 57.2 ಮಂದಿಯಲ್ಲಿಯೂ, ಹತ್ತರಿಂದ ಹದಿನೇಳು ವರ್ಷದವರಲ್ಲಿ ನೂರಕ್ಕೆ 61.6 ಮಂದಿಯಲ್ಲಿಯೂ ಸೋಂಕು ತಗುಲಿಹೋದ ಗುರುತು ಕಂಡುಬಂದಿತು. ಮಕ್ಕಳಿಗೆ ಆಗ ಲಸಿಕೆಯಿರಲಿಲ್ಲ. ಆ ಗುರುತು ರೋಗದಿಂದಲೇ ಬಂದುದು. ಈ ಮಕ್ಕಳಲ್ಲಿ ಚಿಕ್ಕವರು ಬಹುಮಂದಿ ಒಂದು ವರ್ಷಕ್ಕೂ ಹೆಚ್ಚು ಕಾಲ ಶಾಲೆಯ ಮೆಟ್ಟಿಲನ್ನು ತುಳಿದವರಲ್ಲ. ಕೆಲಸಕ್ಕೆ, ಅಂಗಡಿಗೆ, ಮದುವೆಗೆ ಹೋಗಿಬಂದ ದೊಡ್ಡವರೇ ರೋಗವನ್ನು ಅವರ ಬಳಿಗೆ ತಂದರು. ಶಾಲೆಗೆ ಬೀಗ ಹಾಕಿ ಕಲ್ಯಾಣಮಂಟಪಕ್ಕೆ ದೀಪಾಲಂಕಾರ ಮಾಡುವ ಸಮಾಜವು ಮಕ್ಕಳನ್ನು ರಕ್ಷಿಸುತ್ತಿದೆಯೆಂದು ಹೇಳುವುದು ಕಷ್ಟ.

ಇನ್ನು ತಕ್ಕಡಿಯ ಮತ್ತೊಂದು ತಟ್ಟೆ. ರೋಗದ ಅಪಾಯವು ಕಣ್ಣಿಗೆ ಕಾಣುವುದು; ಅದಕ್ಕೆ ತೇದಿಯುಂಟು, ಆಸ್ಪತ್ರೆಯ ಚೀಟಿಯುಂಟು. ಶಾಲೆ ತಪ್ಪಿದುದರ ನಷ್ಟಕ್ಕೆ ತೇದಿಯಿಲ್ಲ. ಅದು ಒಂದೊಂದು ದಿನ ಒಂದೊಂದು ಅಕ್ಷರವಾಗಿ ಸಲ್ಲುವುದು. ಎಂಟು ವರ್ಷದ ಹುಡುಗನು ಕೂಡುವ ಲೆಕ್ಕವನ್ನು ಮರೆತನೆಂದು ಯಾರೂ ವೈದ್ಯನಿಗೆ ತೋರಿಸುವುದಿಲ್ಲ. ಆದರೂ ಈ ನಷ್ಟವನ್ನು ಅಳೆದವರಿದ್ದಾರೆ. ಅಜೀಂ ಪ್ರೇಂಜಿ ವಿಶ್ವವಿದ್ಯಾನಿಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ, ಎರಡರಿಂದ ಆರನೆಯ ತರಗತಿಯವರೆಗಿನ 16,067 ಮಕ್ಕಳನ್ನು ಪರೀಕ್ಷಿಸಿದರು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದವರು ನೂರಕ್ಕೆ 92 ಮಂದಿ. ಗಣಿತದಲ್ಲಿ 82 ಮಂದಿ. ಹೊಸದನ್ನು ಕಲಿಯದಿದ್ದುದರ ಲೆಕ್ಕವಲ್ಲ ಇದು. ಕಲಿತುದನ್ನು ಮರೆತುದರ ಲೆಕ್ಕ.

ಪರದೆಯ ಪಾಠವಿತ್ತಲ್ಲವೆ ಎಂದು ಕೇಳಬಹುದು. ಕಾಲೇಜಿನಲ್ಲಿ ಪಾಠ ಹೇಳುವ ನಾವು ಆ ವಿದ್ಯೆಯನ್ನು ಅಭ್ಯಾಸಮಾಡಿದೆವು. ಹೆಸರುಗಳು ಮಾತ್ರ ಕಾಣುವ ಕಪ್ಪು ಚೌಕಗಳಿಗೆ ಗಂಟೆಗಟ್ಟಲೆ ಮಾತನಾಡಿದೆವು. ಇಪ್ಪತ್ತು ವರ್ಷದ ವಿದ್ಯಾರ್ಥಿಗೆ ಇದು ಹೇಗೋ ಸಾಗಬಹುದು. ಬಳಪವನ್ನು ಹಿಡಿಯುವ ಕೈಯನ್ನು ಹಿಡಿದು ತಿದ್ದಿಸಬೇಕಾದ ಮಗುವಿಗೆ ಸಾಗದು. ಮತ್ತು ಆ ಪರದೆಯೇ ಎಷ್ಟು ಮನೆಗಳಲ್ಲಿತ್ತು? 2021ರ ಆಗಸ್ಟಿನಲ್ಲಿ ಹದಿನೈದು ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ ಸುಮಾರು 1,400 ಬಡ ಕುಟುಂಬಗಳನ್ನು ವಿಚಾರಿಸಿದ ಸಮೀಕ್ಷೆಯೊಂದರಲ್ಲಿ, ಹಳ್ಳಿಯ ಮಕ್ಕಳಲ್ಲಿ ಅಂತರಜಾಲದ ಮೂಲಕ ಕ್ರಮವಾಗಿ ಕಲಿಯುತ್ತಿದ್ದವರು ನೂರಕ್ಕೆ 8, ಪಟ್ಟಣದಲ್ಲಿ 24 ಎಂದು ತಿಳಿದುಬಂದಿತು. ಮನೆಯಲ್ಲಿ ಒಂದೇ ಫೋನಿದ್ದು ಅದು ತಂದೆಯೊಡನೆ ಕೆಲಸಕ್ಕೆ ಹೋಗುತ್ತಿದ್ದರೆ, ಮಗುವಿನ ಶಾಲೆಯೂ ಅದರೊಡನೆಯೇ ಹೋಯಿತು.

ರೇಡಿಯೋ ಶ್ರೋತೃಗಳಿಗೆ ಇಲ್ಲಿ ಒಂದು ಹಳೆಯ ಸಂಗತಿಯು ರುಚಿಸಬಹುದು. 1937ರ ಸೆಪ್ಟೆಂಬರಿನಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಪೋಲಿಯೊ ಹರಡಿ ಶಾಲೆಗಳು ತೆರೆಯದಿದ್ದಾಗ, ಮೂರರಿಂದ ಎಂಟನೆಯ ತರಗತಿಯವರೆಗಿನ ಸುಮಾರು 3,15,000 ಮಕ್ಕಳಿಗೆ ನಗರದ ಬಾನುಲಿ ನಿಲಯಗಳ ಮೂಲಕವೇ ಪಾಠ ಹೇಳಿದರು. ಪಾಠದ ಹೊತ್ತು, ಪ್ರಶ್ನೆ ಇವು ವೃತ್ತಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದುವು. ಒಂದೊಂದು ಪಾಠಕ್ಕೆ ಹದಿನೈದು ನಿಮಿಷ. ತಂದೆತಾಯಿಗಳು ಸಂದೇಹ ಕೇಳಲು ಟೆಲಿಫೋನಿನ ಏರ್ಪಾಡೂ ಇದ್ದಿತು. ಕೆಲಸವು ಚೊಕ್ಕಟವಾಗಿಯೇ ನಡೆಯಿತು. ಆದರೆ ಅಲ್ಲಿಯೂ ರೇಡಿಯೋ ಇಲ್ಲದ ಮನೆಗಳಿದ್ದುವು, ಧ್ವನಿ ಸರಿಯಾಗಿ ಕೇಳಿಸದ ಕೇರಿಗಳಿದ್ದುವು; ಹಿಂದೆಬಿದ್ದ ಮಗುವನ್ನು ತಡೆದು ನಿಲ್ಲಿಸಿ ಕೇಳುವ ಉಪಾಧ್ಯಾಯರಿರಲಿಲ್ಲ. ಕೆಲವೇ ವಾರಗಳಲ್ಲಿ ಶಾಲೆಗಳು ತೆರೆದುದರಿಂದ ಈ ಕೊರತೆಗಳು ದೊಡ್ಡವಾಗಲಿಲ್ಲ. ನಮ್ಮಲ್ಲಿ 2020ರಲ್ಲಿ ದೂರದರ್ಶನದ ಚಂದನ ವಾಹಿನಿಯು ಪ್ರೌಢಶಾಲೆಯ ಮಕ್ಕಳಿಗೆ ಇಂಥದೇ ಸೇವೆಯನ್ನು ಮಾಡಿತು. ವಾರಗಳ ಮಟ್ಟಿಗೆ ಇದು ಊರೆಗೋಲು. ವರ್ಷಗಳ ಮಟ್ಟಿಗೆ ಕಾಲಾಗಲಾರದು.

ಹಾಗಾದರೆ ಶಾಲೆಗಳನ್ನು ಮುಚ್ಚಲೇಬಾರದೆ? ಚರಿತ್ರೆಯು ಹಾಗೆ ಹೇಳುವುದಿಲ್ಲ. 1918ರ ಇನ್‌ಫ್ಲುಯೆಂಜದಲ್ಲಿ ಅಮೆರಿಕದ ಸೇಂಟ್ ಲೂಯಿ ನಗರವು ಶಾಲೆಗಳನ್ನೂ ಸಭೆಸಮಾರಂಭಗಳನ್ನೂ ಬಹು ಬೇಗನೆ ನಿಲ್ಲಿಸಿ ಸಾವುಗಳನ್ನು ಕಡಮೆಮಾಡಿಕೊಂಡಿತು. ಅದೇ ವರ್ಷ ನ್ಯೂಯಾರ್ಕು ಶಾಲೆಗಳನ್ನು ತೆರೆದೇ ಇಟ್ಟಿತು. ಅಲ್ಲಿನ ಸುಮಾರು ಹತ್ತು ಲಕ್ಷ ಶಾಲಾಬಾಲಕರಲ್ಲಿ ಏಳೂವರೆ ಲಕ್ಷದಷ್ಟು ಮಂದಿ ಇಕ್ಕಟ್ಟಾದ ಬಾಡಿಗೆಯ ವಠಾರಗಳಲ್ಲಿ ವಾಸವಾಗಿದ್ದರು. ಆ ಕತ್ತಲೆಯ ಕೋಣೆಗಳಿಗಿಂತ ಗಾಳಿಬೆಳಕಿನ ಶಾಲೆಯೇ ಮೇಲೆಂದೂ, ಅಲ್ಲಾದರೆ ಪ್ರತಿದಿನ ಬೆಳಗ್ಗೆ ಮಗುವನ್ನು ಪರೀಕ್ಷಿಸಿ ಜ್ವರವಿದ್ದವನನ್ನು ಬೇರ್ಪಡಿಸಬಹುದೆಂದೂ ಆರೋಗ್ಯಾಧಿಕಾರಿ ರಾಯಲ್ ಕೋಪ್‌ಲೆಂಡ್, ಶಿಶುಕಲ್ಯಾಣದ ಅಧಿಕಾರಿಣಿ ಜೋಸೆಫೀನ್ ಬೇಕರ್ ಇವರು ವಾದಿಸಿದರು. ಆ ನಗರದ ಶಾಲೆಗಳಲ್ಲಿ ವೈದ್ಯರೂ ದಾದಿಯರೂ ಮೊದಲಿನಿಂದಲೂ ಇದ್ದರೆಂಬುದನ್ನು ಮರೆಯಲಾಗದು. ಅವರಿಲ್ಲದೆ ಆ ವಾದಕ್ಕೆ ಬಲವಿಲ್ಲ. ಹೊಸ ರೋಗವೊಂದರ ಸ್ವಭಾವವು ತಿಳಿಯದಿರುವಾಗ ಕೆಲವು ವಾರ ಬಾಗಿಲು ಹಾಕುವುದು ಒಂದು ಮಾತು. 2020ರ ಮಾರ್ಚಿಯಲ್ಲಿ ನಾವು ಮಾಡಿದ್ದು ಅದನ್ನೇ; ಅದನ್ನು ಆಕ್ಷೇಪಿಸುವಂತಿಲ್ಲ. ಸ್ವಭಾವವು ತಿಳಿದ ಮೇಲೆಯೂ ಹಾಕಿದ ಬಾಗಿಲನ್ನು ಹಾಗೆಯೇ ಬಿಡುವುದು ಇನ್ನೊಂದು ಮಾತು.

ನಮ್ಮ ಆಕ್ಷೇಪವಿರುವುದು ತೆರೆದ ಕ್ರಮದ ಮೇಲೆ. ಮೊದಲು ಪರೀಕ್ಷೆಗೆ ಕುಳಿತುಕೊಳ್ಳುವ ದೊಡ್ಡ ಮಕ್ಕಳು; 2021ರ ಸೆಪ್ಟೆಂಬರ್ 6ರಂದು ಆರರಿಂದ ಎಂಟರವರೆಗೆ; ಒಂದರಿಂದ ಐದರವರೆಗಿನವರಿಗೆ ಅಕ್ಟೋಬರ್ 25ರಂದು, ಎಂದರೆ ಸುಮಾರು ಹತ್ತೊಂಬತ್ತು ತಿಂಗಳ ಮೇಲೆ. ರೋಗವು ಅತಿ ಕಡಮೆ ಬಾಧಿಸುವ, ಪರದೆಯಿಂದ ಅತಿ ಕಡಮೆ ಕಲಿಯುವ, ಮಧ್ಯಾಹ್ನದ ಬಿಸಿಯೂಟವು ಅತ್ಯಗತ್ಯವಾದ ಮಕ್ಕಳೇ ಸಾಲಿನ ಕೊನೆಯಲ್ಲಿ ನಿಂತರು. ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯುವುದು ವಿವೇಕವೆಂದು ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥರೇ ಜುಲೈಯಲ್ಲಿ ಹೇಳಿದ್ದರು. ಹಾಗೆ ನಡೆಯದಿದ್ದುದಕ್ಕೆ ನಮಗೆ ಕಾಣುವ ಕಾರಣವೊಂದೇ: ಎಂಟು ವರ್ಷದವರಿಗೆ ಬೋರ್ಡು ಪರೀಕ್ಷೆಯಿಲ್ಲ.

ವಿದ್ಯಾವಂತರಾದ ನಗರವಾಸಿಗಳಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕು. ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಕೇಳಿಬಂದ “ತಂದೆತಾಯಿಗಳ ಅಭಿಪ್ರಾಯ”ವು ಬಹುಮಟ್ಟಿಗೆ ನಮ್ಮಂಥವರ ಅಭಿಪ್ರಾಯ. ನಮ್ಮ ಮನೆಗಳಲ್ಲಿ ಪ್ರತ್ಯೇಕ ಕೋಣೆಯುಂಟು, ಯಂತ್ರವುಂಟು, ಸಂಜೆ ಲೆಕ್ಕ ಹೇಳಿಕೊಡಬಲ್ಲ ತಾಯಿಯುಂಟು. ನಾವು ಕಾಯಬಲ್ಲವರಾಗಿದ್ದೆವು, ಆದುದರಿಂದ “ಇನ್ನೂ ಸ್ವಲ್ಪ ಕಾಯೋಣ” ಎಂಬುದು ನಮಗೆ ಎಚ್ಚರಿಕೆಯ ಮಾತಾಗಿ ಕಂಡಿತು. ಅದೇ ವಿಶ್ವವಿದ್ಯಾನಿಲಯವು 2020ರಲ್ಲಿ ಸರ್ಕಾರಿ ಶಾಲೆಗಳ ಮಕ್ಕಳ ತಂದೆತಾಯಿಗಳನ್ನು ವಿಚಾರಿಸಿದಾಗ, ತಕ್ಕ ಮುಂಜಾಗ್ರತೆಯಿದ್ದರೆ ಕಳುಹಿಸಲು ಸಿದ್ಧರೆಂದವರು ನೂರಕ್ಕೆ ತೊಂಬತ್ತರ ಹತ್ತಿರವಿದ್ದರು. ಅವರು ಮಕ್ಕಳನ್ನು ನಮಗಿಂತ ಕಡಮೆ ಪ್ರೀತಿಸುವವರಲ್ಲ. ಕೂಲಿಗೆ ಹೋದ ಮನೆಯಲ್ಲಿ ದಿನವೆಲ್ಲ ಒಂಟಿಯಾಗಿರುವ ಮಗುವಿನ ಅಪಾಯವನ್ನು ಅವರು ಬಲ್ಲರು. ಕರ್ನಾಟಕದ ಉಪಾಧ್ಯಾಯರು ಅದೇ ವರ್ಷ ವಿದ್ಯಾಗಮವೆಂಬ ಯೋಜನೆಯಲ್ಲಿ ಮರದ ನೆರಳಿನಲ್ಲಿ, ದೇವಸ್ಥಾನದ ಜಗಲಿಯಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಉಸಿರಿನ ರೋಗಕ್ಕೆ ಬಯಲಿಗಿಂತ ಒಳ್ಳೆಯ ತರಗತಿಯಿಲ್ಲ. ಕ್ಷಯದ ಭಯವಿದ್ದ ಕಾಲದಲ್ಲಿ, 1904ರಲ್ಲಿಯೇ, ಬರ್ಲಿನ್ನಿನ ಬಳಿಯ ಷಾರ್ಲೊಟ್ಟೆನ್‌ಬುರ್ಗಿನವರು ಕಾಡಿನಲ್ಲಿ ಶಾಲೆಯನ್ನು ನಡೆಸಿದ್ದರು. ಕೆಲವು ಉಪಾಧ್ಯಾಯರಿಗೂ ಮಕ್ಕಳಿಗೂ ಸೋಂಕು ತಗುಲಿತೆಂದು ಅಕ್ಟೋಬರಿನಲ್ಲಿ ವಿದ್ಯಾಗಮವು ನಿಂತಿತು. ಅದನ್ನು ತಿದ್ದಿ ನಡೆಸಬಹುದಾಗಿದ್ದಿತು.

ಸಹಿ ಹಾಕುವ ಮುನ್ನ ತಂದೆತಾಯಿಗಳು ತಾವೇ ಹೋಗಿ ಶಾಲೆಯನ್ನು ನೋಡಬೇಕು. ಕಿಟಕಿಗಳು ತೆರೆಯುವುವೆ, ಮಳೆಗಾಲದಲ್ಲಿಯೂ ತೆರೆದಿಡುವರೆ? ಊಟಕ್ಕೆ ಎಲ್ಲಿ ಕೂಡಿಸುವರು? ಬಾಯಿಮುಸುಕು ತೆಗೆಯುವುದು ಆ ಹೊತ್ತಿನಲ್ಲೇ. ಉಪಾಧ್ಯಾಯರಿಗೂ ಅಡಿಗೆಯವರಿಗೂ ಲಸಿಕೆಯಾಗಿದೆಯೆ? ಬೆಂಚುಗಳನ್ನು ದಿನಕ್ಕೆ ಮೂರು ಸಲ ಔಷಧದಿಂದ ತೊಳೆಯುವೆವೆಂದು ಹೆಮ್ಮೆಪಡುವ ಶಾಲೆಗಿಂತ, ಕಿಟಕಿಯ ತುಕ್ಕುಹಿಡಿದ ಚಿಲಕವನ್ನು ದುರಸ್ತಿಮಾಡಿಸಿದ ಶಾಲೆಯು ಹೆಚ್ಚು ತಿಳಿದುದು. ಇನ್ನು ತಂದೆತಾಯಿಗಳ ಪಾಲಿನ ಕರ್ತವ್ಯವೊಂದುಂಟು. ಬೆಳಗ್ಗೆ ಮೈ ಬೆಚ್ಚಗಿದ್ದ ಮಗುವಿಗೆ ಮಾತ್ರೆ ನುಂಗಿಸಿ, ಕಿರುಪರೀಕ್ಷೆ ತಪ್ಪಬಾರದೆಂದು ಕಳುಹಿಸುವ ಅಭ್ಯಾಸವು ನಮ್ಮಲ್ಲಿ ಹಳೆಯದು. ಒಂದು ಮನೆಯಲ್ಲಿ ಹೀಗೆ ಮಾಡಿದರೆ ನಲವತ್ತು ಮನೆಯವರು ಹಾಕಿದ ಸಹಿಗಳ ಲೆಕ್ಕವೆಲ್ಲ ತಪ್ಪುವುದು.

2022ರ ಜನವರಿಯಲ್ಲಿ ಮೂರನೆಯ ಅಲೆಯು ಬಂದಾಗ ಬೆಂಗಳೂರಿನ ಶಾಲೆಗಳು ಮತ್ತೆ ಮುಚ್ಚಿ, ತಿಂಗಳು ಮುಗಿಯುವುದರೊಳಗೇ, 31ರಂದು, ತೆರೆದುವು. ಈ ಸಲ ಬಾಗಿಲು ಹಾಕಿದ್ದು ವರ್ಷಗಟ್ಟಲೆಯಲ್ಲ, ವಾರಗಳ ಮಟ್ಟಿಗೆ. ಆ ಮೇ 16ರಂದು ರಾಜ್ಯದ ಶಾಲೆಗಳು ವಾಡಿಕೆಗಿಂತ ಎರಡು ವಾರ ಮೊದಲೇ ಆರಂಭವಾಗಿ, ಆ ವರ್ಷಕ್ಕೆ ಕಲಿಕಾ ಚೇತರಿಕೆಯ ವರ್ಷವೆಂದು ಹೆಸರಾಯಿತು. ಮೂರನೆಯ ತರಗತಿಗೆ ಬಂದು ಕುಳಿತ ಮಕ್ಕಳಲ್ಲಿ ಅನೇಕರು ಒಂದನೆಯ ತರಗತಿಯನ್ನು ಪೂರ್ತಿಯಾಗಿ ಕಂಡವರಲ್ಲ. ಅವರ ಉಪಾಧ್ಯಾಯರು ಮೂರನೆಯ ಪುಸ್ತಕವನ್ನು ಪಕ್ಕಕ್ಕಿಟ್ಟು ಅಕ್ಷರಮಾಲೆಯಿಂದ ಮೊದಲುಮಾಡಬೇಕಾಯಿತು.